ಕುದುರೆ ಲಾಯದ ಹಾಸು: ಒದ್ದೆ ತೆಗೆಯುವುದು ಮೊದಲು, ಹುಲ್ಲು ಹರಡುವುದು ಆಮೇಲೆ

ತುಮಕೂರು ಜಿಲ್ಲೆಯ ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ಅಲ್ಲಿನ ಸ್ಟಡ್ ಫಾರ್ಮಿನಂತಹ ದೊಡ್ಡ ಕಡೆಗಳಲ್ಲಿ ಲಾಯದ ಕೆಲಸಕ್ಕೆಂದೇ ಪಳಗಿದ ಆಳುಗಳಿರುತ್ತಾರೆ. ಅವರಿಗೆ ಈ ಬರಹದ ಅಗತ್ಯವಿಲ್ಲ. ಮದುವೆ ಮೆರವಣಿಗೆಗೆಂದೋ, ತೋಟದ ಮನೆಯಲ್ಲಿ ಸವಾರಿಯ ಆಸೆಗೆಂದೋ ಒಂದೆರಡು ಕುದುರೆ ಇಟ್ಟುಕೊಂಡು, ದನದ ಕೊಟ್ಟಿಗೆಯ ಒಂದು ಮಗ್ಗುಲನ್ನೇ ಲಾಯ ಮಾಡಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಇಂಥವರಲ್ಲಿ ಹೆಚ್ಚಿನವರಿಗೆ ದನ ಸಾಕಿದ ಅನುಭವ ಚೆನ್ನಾಗಿಯೇ ಇರುತ್ತದೆ, ತೊಡಕು ಶುರುವಾಗುವುದೂ ಅಲ್ಲಿಂದಲೇ. ಕಲ್ಲು ಚಪ್ಪಡಿಯ ಮೇಲೆ ಹಸು ಮಲಗುತ್ತದೆ, ಬೆಳಿಗ್ಗೆ ಸಗಣಿ ಬಾಚಿ ನಾಲ್ಕು ಕೊಡ ನೀರು ಹೊಡೆದರೆ ಕೊಟ್ಟಿಗೆ ಚೊಕ್ಕಟವಾಗುತ್ತದೆ. ಕುದುರೆಯ ಲಾಯದಲ್ಲಿ ಇದೇ ಪದ್ಧತಿಯನ್ನು ನಡೆಸಿದರೆ ನೆಲ ಎಂದೂ ಒಣಗುವುದಿಲ್ಲ, ಕುದುರೆ ನೆಮ್ಮದಿಯಾಗಿ ಮಲಗುವುದೂ ಇಲ್ಲ.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಅದರ ಕಾಲಿನ ಕೀಲುಗಳೂ ಸ್ನಾಯುರಜ್ಜುಗಳೂ ನಿಂತಲ್ಲೇ ತೂಕಡಿಸಲು ಅನುಕೂಲವಾಗುವಂತೆ ಇವೆ, ಆದರೆ ಗಾಢವಾದ ಕನಸಿನ ನಿದ್ದೆಗೆ ಅದು ನೆಲಕ್ಕೆ ಒರಗಲೇಬೇಕು, ಮತ್ತು ದಿನಕ್ಕೆ ಅರ್ಧ ಗಂಟೆಯಾದರೂ ಅಂಥ ನಿದ್ದೆ ಅದಕ್ಕೆ ಬೇಕು. ನೆಲ ಗಟ್ಟಿಯಾಗಿದ್ದರೆ ಅಥವಾ ಒದ್ದೆಯಾಗಿದ್ದರೆ ಕೆಲವು ಕುದುರೆಗಳು ದಿನಗಟ್ಟಲೆ ಮಲಗದೆ ಉಳಿದು ಸೊರಗುತ್ತವೆ. ಮಲಗಿದವುಗಳಿಗೆ ಮುಂಗಾಲಿನ ಮೊಣಕೈ ಮತ್ತು ಹಿಂಗಾಲಿನ ಗಿಣ್ಣಿನ ಮೇಲೆ ತೊಗಲು ಸವೆದು ಹುಣ್ಣಾಗುತ್ತದೆ. ಲಾಯಕ್ಕೆ ಹಾಸು ಬೇಕಾಗಿರುವುದು ಈ ಕಾರಣಕ್ಕೆ.

ನೆಲದ ವಿಷಯ

ಹಾಸು ಎಷ್ಟೇ ಒಳ್ಳೆಯದಾದರೂ ಕೆಳಗಿನ ನೆಲ ಕೆಟ್ಟಿದ್ದರೆ ಹಣವೆಲ್ಲ ತಿಪ್ಪೆಗೆ ಹೋಗುತ್ತದೆ. ದೊಡ್ಡ ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ಬೇಕು. ಸಣ್ಣ ಗಾತ್ರದ ಕುದುರೆಗೆ 10 ಅಡಿಯಾದರೂ ನಡೆಯುತ್ತದೆ. ಲಾಯದ ನೆಲ ಹೊರಗಿನ ಅಂಗಳಕ್ಕಿಂತ ಅರ್ಧ ಅಡಿ ಎತ್ತರವಿದ್ದು, 12 ಅಡಿಗೆ ಸುಮಾರು 2 ಅಂಗುಲದಷ್ಟು ಇಳಿಜಾರು ಚರಂಡಿಯ ಕಡೆಗೆ ಇರಬೇಕು. ಇದಕ್ಕಿಂತ ಹೆಚ್ಚು ಇಳಿಜಾರಾದರೆ ಕುದುರೆಯ ಕಾಲಿಗೆ ಸದಾ ಒಂದೇ ಕಡೆ ಭಾರ ಬೀಳುತ್ತದೆ. ಸಿಮೆಂಟ್ ನೆಲವನ್ನು ನುಣ್ಣಗೆ ಸಾರಿಸದೆ ತುಸು ಒರಟಾಗಿಯೇ ಬಿಡಬೇಕು. ಚಪ್ಪಡಿ ಹಾಸಿದ್ದರೆ ಸಂದುಗಳಿಗೆ ಸಿಮೆಂಟ್ ತುಂಬಬೇಕು, ಇಲ್ಲವಾದರೆ ಗಂಜಲ ಸಂದಿನಲ್ಲಿ ಇಳಿದು ಅಲ್ಲೇ ಕೊಳೆಯುತ್ತದೆ. ಮಣ್ಣಿನ ನೆಲ ಕಾಲಿಗೆ ಹಿತವಾದದ್ದು ನಿಜ, ಆದರೆ ಕುದುರೆ ಉಚ್ಚೆ ಹೊಯ್ಯುವ ಜಾಗದಲ್ಲಿ ಗುಂಡಿ ಬೀಳುವುದರಿಂದ ಆಗಾಗ ಆ ಮಣ್ಣನ್ನು ಅಗೆದು ತೆಗೆದು ಹೊಸ ಗರಸು ತುಂಬಿ ದಿಮ್ಮಸು ಹೊಡೆಯುವ ಕೆಲಸ ತಪ್ಪುವುದಿಲ್ಲ. ರಬ್ಬರ್ ಮ್ಯಾಟ್ ಹಾಕಿದವರು ಹಾಸಿನ ಪ್ರಮಾಣವನ್ನು ಕಡಿಮೆ ಮಾಡಬಹುದು, ಬಿಟ್ಟೇಬಿಡುವಂತಿಲ್ಲ. ಮ್ಯಾಟಿನ ಅಡಿಯಲ್ಲಿ ನಿಂತ ಗಂಜಲ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದನ್ನು ಎತ್ತಿ ತೊಳೆಯುವ ದಿನವನ್ನು ಗೊತ್ತುಮಾಡಿಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಸಿಗುವ ಹಾಸು

ನಾಲೆ ಮತ್ತು ಕೆರೆಯ ಅಚ್ಚುಕಟ್ಟಿನಲ್ಲಿ ಸಿಗುವ ಭತ್ತದ ಹುಲ್ಲು ಹಾಸಿಗೆ ಎಲ್ಲಕ್ಕಿಂತ ಅನುಕೂಲವಾದದ್ದು. ಅದು ಮೆತ್ತಗಿರುತ್ತದೆ, ಬೆಚ್ಚಗಿರುತ್ತದೆ, ತಿಪ್ಪೆಯಲ್ಲಿ ಬೇಗ ಗೊಬ್ಬರವಾಗುತ್ತದೆ. ಈಚೆಗೆ ಯಂತ್ರದಲ್ಲಿ ಕೊಯ್ದು ಯಂತ್ರದಲ್ಲೇ ಸುತ್ತಿದ ಬೇಲ್‌ಗಳು ಹೆಚ್ಚಾಗಿ ಬರುತ್ತಿವೆ. ಹುಲ್ಲು ಪೂರ್ತಿ ಒಣಗುವ ಮೊದಲೇ ಸುತ್ತಿದ್ದರೆ ಹೊರಗೆ ಹೊನ್ನಿನ ಬಣ್ಣವಿದ್ದರೂ ನಡುವೆ ಬೂಷ್ಟು ಹಿಡಿದಿರುತ್ತದೆ. ಆದ್ದರಿಂದ ಲೋಡು ಇಳಿಸಿಕೊಳ್ಳುವ ಮೊದಲು ಒಂದೆರಡು ಬೇಲ್‌ಗಳನ್ನು ಬಿಚ್ಚಿಸಿ ನಡುವಿಗೆ ಕೈ ತೂರಿಸಿ ನೋಡಬೇಕು. ಒಳಗೆ ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬೂದು ಬಣ್ಣದ ಧೂಳು ಹೊಗೆಯಂತೆ ಎದ್ದರೆ ಆ ಹುಲ್ಲು ಎಷ್ಟು ಅಗ್ಗವಾದರೂ ಬೇಡ. ಬೂಷ್ಟಿನ ಕಣಗಳು ಕುದುರೆಯ ಶ್ವಾಸನಾಳವನ್ನು ಕೆರಳಿಸುತ್ತವೆ, ಮತ್ತು ಹೀಗೆ ಹತ್ತಿದ ಕೆಮ್ಮು, ಉಬ್ಬಸ ಎಷ್ಟೋ ಕುದುರೆಗಳನ್ನು ಜೀವನಪರ್ಯಂತ ಬಿಡುವುದಿಲ್ಲ.

ರಾಗಿ ಹುಲ್ಲನ್ನು ಹಾಸಬಹುದೇ ಎಂದು ಕೇಳುವವರುಂಟು. ಹಾಸಬಹುದು, ಆದರೆ ಅದು ಹಾಸಾಗಿ ಉಳಿಯುವುದಿಲ್ಲ. ಕುದುರೆ ರಾಗಿ ಹುಲ್ಲನ್ನು ಇಷ್ಟಪಟ್ಟು ಮೇಯುತ್ತದೆ. ರಾತ್ರಿಯೆಲ್ಲ ನಿಂತು ಕಾಲಡಿಯದನ್ನೇ ತಿಂದು, ಸಾಕಷ್ಟು ನೀರನ್ನೂ ಕುಡಿಯದಿದ್ದರೆ ಒರಟು ನಾರು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಅದರ ಹೊಟ್ಟೆನೋವನ್ನು ಹಗುರವಾಗಿ ಕಾಣುವಂತಿಲ್ಲ. ಮೆದೆಯಲ್ಲಿರುವ ರಾಗಿ ಹುಲ್ಲನ್ನು ದನಕ್ಕೆ ಬಿಡುವುದೇ ಲೇಸು. ಭತ್ತದ ಹುಲ್ಲನ್ನೂ ತಿನ್ನುವ ಹಾಸುಬಾಕ ಕುದುರೆಗಳಿವೆ. ಅವಕ್ಕೆ ಗೊಂತಿನಲ್ಲಿ ಮೇವನ್ನು ಮೊದಲು ತುಂಬಿಟ್ಟು, ಆಮೇಲೆ ಹೊಸ ಹುಲ್ಲನ್ನು ಹಳೆಯ ಹುಲ್ಲಿನೊಂದಿಗೆ ಬೆರೆಸಿ ಹರಡಿದರೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ. ಅದಕ್ಕೂ ಬಗ್ಗದವುಗಳಿಗೆ ಮರದ ಹೊಟ್ಟೇ ಗತಿ.

ಸಾಮಿಲ್ಲಿನ ಹೊಟ್ಟಿಗಿಂತ ಬಡಗಿಯ ಹತ್ತರಿಯಿಂದ ಉದುರುವ ಸುರುಳಿ ಚೂರು ಮೇಲು, ಅದರಲ್ಲಿ ಧೂಳು ಕಡಿಮೆ. ಹಸಿ ದಿಮ್ಮಿ ಕುಯ್ದ ಹೊಟ್ಟು ತಾನೇ ಒದ್ದೆಯಾಗಿರುತ್ತದೆ, ಹೀರುವುದೇನೂ ಉಳಿದಿರುವುದಿಲ್ಲ. ಅದನ್ನು ಬಿಸಿಲಿನಲ್ಲಿ ಹರಡಿ ಒಣಗಿಸಿಯೇ ಒಳಗೆ ತರಬೇಕು. ಪ್ಲೈವುಡ್ ಕುಯ್ದ ಪುಡಿ, ಬಣ್ಣ ಹಚ್ಚಿದ ಮರದ ಪುಡಿ, ಗೆದ್ದಲಿನ ಔಷಧ ಹೊಡೆದ ಮರದ ಪುಡಿ ಬೇಡವೇ ಬೇಡ. ಹೊಟ್ಟಿನ ಚೀಲವನ್ನು ಸುರಿದ ಮೇಲೆ ಒಮ್ಮೆ ಅಯಸ್ಕಾಂತ ಆಡಿಸಿ ಮೊಳೆಗಳನ್ನು ಹುಡುಕುವುದು ಅತಿ ಜಾಗ್ರತೆಯೆನಿಸಬಹುದು. ಆದರೆ ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆ, ಮತ್ತು ಆ ರೋಗ ಗೊರಸಿಗೆ ಚುಚ್ಚಿದ ಒಂದು ಮೊಳೆಯಿಂದ ಬರಬಲ್ಲದು. ಧನುರ್ವಾಯುವಿನ ಲಸಿಕೆ ಹೇಗೂ ಹಾಕಿಸಿರಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರಿಗೆ ತೆಂಗಿನ ನಾರಿನ ಪುಡಿ ಹತ್ತಿರದಲ್ಲೇ ಸಿಗುತ್ತದೆ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ, ಘಾಟನ್ನೂ ಅಡಗಿಸುತ್ತದೆ. ತೊಡಕು ಎರಡಿವೆ: ಅದರ ಬಣ್ಣ ಮೊದಲೇ ಕಂದು, ಹೀಗಾಗಿ ಯಾವುದು ಒದ್ದೆ ಯಾವುದು ಒಣ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಒದ್ದೆಯಾದ ಪುಡಿಯ ಕಲೆ ಬಿಳಿ ಕುದುರೆಯ ಮೈಗೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ. ಮೆರವಣಿಗೆಯ ಕುದುರೆ ಇಟ್ಟವರು ಲಗ್ನದ ತಿಂಗಳಲ್ಲಿ ಇದಕ್ಕೆ ಒಪ್ಪಲಾರರು, ಅದು ನ್ಯಾಯವೂ ಹೌದು. ಒದ್ದೆ ಹೆಚ್ಚು ಬೀಳುವ ಜಾಗದಲ್ಲಿ ಮಾತ್ರ ಎರಡು ಮೂರು ಅಂಗುಲ ನಾರಿನ ಪುಡಿ ಹಾಕಿ, ಅದರ ಮೇಲೆ ಭತ್ತದ ಹುಲ್ಲು ಹರಡುವುದು ಎರಡರ ಗುಣವನ್ನೂ ಬಳಸಿಕೊಳ್ಳುವ ದಾರಿ. ಗೊಬ್ಬರಕ್ಕೆಂದು ಯೂರಿಯಾ ಬೆರೆಸಿ ಕೊಳೆಸಿದ ಪುಡಿಯನ್ನು ಮಾತ್ರ ತರಬಾರದು.

ಪಾವಗಡ, ಶಿರಾ ಕಡೆಯ ಕಡಲೆಕಾಯಿ ಸಿಪ್ಪೆಯನ್ನು ನಾನು ಸಲಹೆ ಮಾಡುವುದಿಲ್ಲ. ನೆನೆದ ಸಿಪ್ಪೆಗೆ ಹತ್ತುವ ಬೂಷ್ಟು ವಿಷಕಾರಿ, ಕುದುರೆ ಅದನ್ನು ಮೆಲ್ಲುವುದೂ ಉಂಟು. ಭತ್ತದ ಹೊಟ್ಟು ಚುಚ್ಚುತ್ತದೆ, ಹಾರಿ ಕಣ್ಣಿಗೆ ಬೀಳುತ್ತದೆ, ನೀರನ್ನೂ ಹೆಚ್ಚು ಹೀರದು.

ದಿನದ ಕೆಲಸ

ದೊಡ್ಡ ಕುದುರೆಯೊಂದು ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ, 8ರಿಂದ 10 ಲೀಟರ್ ಉಚ್ಚೆ ಹೊಯ್ಯುತ್ತದೆ. ಲದ್ದಿ ಉಂಡೆಯುಂಡೆಯಾಗಿ ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನು ತೆಗೆಯುತ್ತಾರೆ. ತೊಂದರೆ ಕೊಡುವುದು ಹುಲ್ಲಿನಡಿ ಅಡಗಿ ಕೂರುವ ಗಂಜಲ. ಅದರಲ್ಲಿರುವ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದೇ.

ಬೆಳಿಗ್ಗೆ ಕುದುರೆಯನ್ನು ಹೊರಗೆ ಕಟ್ಟಿದ ಮೇಲೆಯೇ ಕೆಲಸ ಶುರುಮಾಡಬೇಕು, ಏಕೆಂದರೆ ಹುಲ್ಲು ಕೆದಕಿದಾಗ ಏಳುವ ಧೂಳು ಅದರ ಮೂಗಿಗೆ ಹೋಗಬಾರದು. ಮೊದಲು ಮೇಲಿನ ಲದ್ದಿಯನ್ನು ಮಂಕರಿಗೆ ತುಂಬಿ. ನಂತರ ಕವೆಗೋಲಿನಿಂದ ಹುಲ್ಲನ್ನು ಎತ್ತಿ ಕೊಡವಿ, ಒಣಗಿದ್ದನ್ನು ಗೋಡೆಯ ಬದಿಗೆ ಎಸೆಯುತ್ತ ಹೋಗಬೇಕು. ಕೊಡವುವಾಗ ಸಿಕ್ಕಿಕೊಂಡಿದ್ದ ಲದ್ದಿ ಕೆಳಗೆ ಬೀಳುತ್ತದೆ, ತೂಕ ಹೆಚ್ಚಿದ ಒದ್ದೆ ಹುಲ್ಲೂ ಹಿಂದೆ ಉಳಿಯುತ್ತದೆ. ಅನುಮಾನ ಬಂದ ಹುಲ್ಲನ್ನು ಒಂದು ಹಿಡಿ ಎತ್ತಿ ಹಿಂಡಿ ನೋಡಿ: ಕಡ್ಡಿ ಹೊಳೆಯುತ್ತ ಚಿಮ್ಮಿದರೆ ಮತ್ತೆ ಹಾಸಬಹುದು, ಮಂಕಾಗಿ ಕೈಗಂಟಿ ಸೋತುಬಿದ್ದರೆ ತಿಪ್ಪೆಗೆ ಹಾಕಬೇಕು. ಗಂಡು ಕುದುರೆಯ ಒದ್ದೆ ಸಾಮಾನ್ಯವಾಗಿ ಹಾಸಿನ ನಡುವಿನಲ್ಲಿ, ಹೆಣ್ಣು ಕುದುರೆಯದು ಹಿಂಭಾಗದಲ್ಲಿ ಇರುತ್ತದೆ, ಮತ್ತು ಹೆಚ್ಚಿನ ಕುದುರೆಗಳು ಒಂದೇ ಜಾಗವನ್ನು ರೂಢಿಸಿಕೊಳ್ಳುತ್ತವೆ. ಆ ಜಾಗ ಗೊತ್ತಾದ ಮೇಲೆ ಅರ್ಧ ಕೆಲಸ ಹಗುರಾಗುತ್ತದೆ.

ಒದ್ದೆಯನ್ನು ನೆಲ ಕಾಣುವವರೆಗೆ ಬಾಚಿ ತೆಗೆದು, ಪೊರಕೆಯಿಂದ ಗುಡಿಸಿ, ಬಾಗಿಲು ಕಿಟಕಿ ತೆರೆದು ಒಂದೆರಡು ಗಂಟೆ ಹಾಗೇ ಬಿಡಿ. ಆತುರದವರು ಬಿಡುವುದು ಈ ಹಂತವನ್ನೇ. ನೆಲ ಒಣಗದೆ ಹಾಸಿದ ಹೊಸ ಹುಲ್ಲು ಸಂಜೆಯ ಹೊತ್ತಿಗೆ ಅಡಿಯಿಂದಲೇ ನೆನೆದಿರುತ್ತದೆ, ಮರುದಿನ ಅದೂ ತಿಪ್ಪೆಗೆ ಹೋಗುತ್ತದೆ. ದಿನವೂ ನೀರು ಹೊಡೆಯಬಾರದು ಎಂಬುದಕ್ಕೂ ಕಾರಣ ಇದೇ. ವಾರಕ್ಕೊಮ್ಮೆ, ಬಿಸಿಲಿರುವ ಬೆಳಿಗ್ಗೆ ತೊಳೆದರೆ ಸಾಕು.

ಸುಣ್ಣದ ಬಗ್ಗೆ ಒಂದು ಮಾತು. ಘಾಟು ಬಂದಲ್ಲಿ ಸುಣ್ಣ ಎರಚುವ ವಾಡಿಕೆ ನಮ್ಮಲ್ಲಿದೆ. ಗಂಜಲ ನೆನೆದ ಜಾಗಕ್ಕೆ ಸುಣ್ಣ ಬಿದ್ದರೆ ಕ್ಷಾರ ಹೆಚ್ಚಿ ಅಮೋನಿಯಾ ಇನ್ನಷ್ಟು ಹೊರಬರುತ್ತದೆ, ನೀರೂಡದ ಸುಣ್ಣವಾದರೆ ಗೊರಸಿನ ಮೇಲಿನ ತೊಗಲನ್ನೂ ಸುಡುತ್ತದೆ. ಗೋಡೆಗೆ ಸುಣ್ಣ ಬಳಿಯುವುದಕ್ಕೆ ಅಡ್ಡಿಯಿಲ್ಲ, ಒದ್ದೆ ಹಾಸಿಗೆ ಮದ್ದು ಅದಲ್ಲ. ಬ್ಲೀಚಿಂಗ್ ಪೌಡರನ್ನಂತೂ ಗಂಜಲದ ಮೇಲೆ ಹಾಕಲೇಬಾರದು. ಅಮೋನಿಯಾದೊಂದಿಗೆ ಸೇರಿ ಏಳುವ ಅನಿಲ ಆಳಿಗೂ ಕುದುರೆಗೂ ಅಪಾಯ.

ಮಧ್ಯಾಹ್ನದ ನಂತರ ಗೋಡೆಯ ಬದಿಯ ಹಳೆಯ ಹುಲ್ಲನ್ನು ಕೆಳಗೆ ಹರಡಿ, ಮೇಲೆ ಹೊಸದನ್ನು ಹಾಕಬೇಕು. ಸಡಿಲವಾಗಿ ಹರಡಿದಾಗ ಒಂದಡಿ ದಪ್ಪ ಇದ್ದರೆ ಕುದುರೆ ತುಳಿದ ಮೇಲೆ ಅರ್ಧ ಅಡಿ ಉಳಿಯುತ್ತದೆ. ಮರದ ಹೊಟ್ಟಾದರೆ ಐದಾರು ಅಂಗುಲ. ಗೋಡೆಯುದ್ದಕ್ಕೂ ಹಾಸನ್ನು ಬದುವಿನಂತೆ ಎತ್ತರಿಸಬೇಕು. ಹೊರಳಾಡುವ ಕುದುರೆ ಗೋಡೆಗೆ ತೀರ ಒತ್ತಿಕೊಂಡರೆ ಕಾಲು ಮಡಚಲು ಜಾಗವಿಲ್ಲದೆ ಏಳಲಾರದೆ ಒದ್ದಾಡುತ್ತದೆ, ಆ ಬದು ಅದನ್ನು ನಡುವಿಗೆ ತಳ್ಳುತ್ತದೆ. ದಪ್ಪ ಸಾಕೇ ಎಂದು ತಿಳಿಯಲು ಕವೆಗೋಲನ್ನು ಹಾಸಿಗೆ ಚುಚ್ಚಿ ನೋಡಿ. ನೆಲಕ್ಕೆ ತಾಗಿ ಠಣ್ ಎಂದರೆ ಸಾಲದು. ಒಣಗಿದೆಯೇ ಎಂದು ತಿಳಿಯಲು ಪಂಚೆಯನ್ನೋ ಪ್ಯಾಂಟನ್ನೋ ಉಟ್ಟಂತೆಯೇ ಹಾಸಿನ ಮೇಲೆ ಅರ್ಧ ನಿಮಿಷ ಮೊಣಕಾಲೂರಿ ಕೂರಬೇಕು. ಬಟ್ಟೆಗೆ ತೇವ ತಾಗಿದರೆ ಮತ್ತೆ ಕೆದಕಬೇಕು. ಹಾಗೆ ಕೂತಾಗಲೇ ಮೂಗಿನಿಂದ ಉಸಿರೆಳೆದು ನೋಡಿ. ನಿಂತವನಿಗೆ ಗೊತ್ತಾಗದ ಘಾಟು ಮಲಗಿದ ಕುದುರೆಯ ಮೂಗಿನ ಮಟ್ಟದಲ್ಲಿ ಕಣ್ಣು ಉರಿಸುವಷ್ಟಿರಬಹುದು. ಆಮೇಲೆ ಹಗಲಲ್ಲಿ ಎರಡು ಸಲ, ಮಲಗುವ ಮುನ್ನ ಒಂದು ಸಲ ಲದ್ದಿ ಎತ್ತಿದರೆ ಹಾಸು ಕೆಡುವುದು ಬಹಳ ಕಡಿಮೆಯಾಗುತ್ತದೆ.

ಕೆಳಗಿನದನ್ನು ತೆಗೆಯದೆ ಮೇಲೆ ಮೇಲೆ ಹಾಸುತ್ತ ತಿಂಗಳುಗಳ ನಂತರ ಒಮ್ಮೆಗೇ ಬಳಿಯುವ ಪದ್ಧತಿಯೂ ಇದೆ. ಚಳಿನಾಡಿನಲ್ಲಿ ಅದು ಬೆಚ್ಚಗಿಡುತ್ತದೆ. ನಮ್ಮ ಬಿಸಿಲಿಗೆ, ನಮ್ಮ ನೊಣಗಳಿಗೆ ಅದು ಹೊಂದುವುದಿಲ್ಲ.

ಮಳೆಗಾಲ ಮತ್ತು ಮರಿ ಹಾಕುವ ಕಾಲ

ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಹುಲ್ಲು ಒಣಗುವುದಿಲ್ಲವಾದ್ದರಿಂದ ಬೇಸಿಗೆಯಲ್ಲೇ ಒಣ ಹುಲ್ಲನ್ನು ಕೂಡಿಟ್ಟುಕೊಳ್ಳಬೇಕು. ಅದನ್ನು ನೆಲಕ್ಕೆ ತಾಗಿಸದೆ ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸಿ. ಈ ದಿನಗಳಲ್ಲಿ ಗೊರಸನ್ನು ದಿನವೂ ಎತ್ತಿ ಕೆರೆದು ನೋಡಬೇಕು; ಅಡಿಭಾಗದ ಮೆತ್ತನೆಯ ತ್ರಿಕೋನದ ಬದಿಯ ಸೀಳಿನಲ್ಲಿ ಕಪ್ಪು ಲೋಳೆಯೂ ಕೊಳೆತ ವಾಸನೆಯೂ ಕಂಡರೆ ಹಾಸು ಒದ್ದೆಯಿದೆ ಎಂದೇ ತಿಳಿದು, ಗೊರಸಿಗೆ ಮದ್ದು ಹಾಕುವುದರ ಜೊತೆಗೆ ಲಾಯವನ್ನೂ ಬರಿದು ಮಾಡಿ ಒಣಗಿಸಬೇಕು.

ಗಬ್ಬದ ಕುದುರೆ ಮರಿ ಹಾಕುವ ಕೋಣೆಗೆ ಮರದ ಹೊಟ್ಟು, ನಾರಿನ ಪುಡಿ ಎರಡೂ ಬೇಡ. ನೆನೆದ ಮರಿಯ ಮೂಗಿಗೆ, ಹೊಕ್ಕುಳಿಗೆ ಪುಡಿ ಅಂಟುತ್ತದೆ. ಹೊಕ್ಕುಳಿನ ಮೂಲಕ ಸೋಂಕು ಇಳಿದರೆ ಮರಿಯ ಕೀಲುಗಳು ಊದಿಕೊಳ್ಳುತ್ತವೆ. ಉದ್ದ ಕಡ್ಡಿಯ, ಧೂಳಿಲ್ಲದ ಹೊಸ ಭತ್ತದ ಹುಲ್ಲನ್ನೇ ದಪ್ಪಗೆ ಹಾಸಬೇಕು.

ತಿಪ್ಪೆ

ತೆಗೆದದ್ದನ್ನು ಲಾಯದ ಬಾಗಿಲಲ್ಲೇ ಗುಡ್ಡೆ ಹಾಕಿದರೆ ಮಾಡಿದ ಕೆಲಸ ನೊಣಗಳ ಪಾಲಾಗುತ್ತದೆ. ಕಚ್ಚುವ ಲಾಯದ ನೊಣ ಮೊಟ್ಟೆಯಿಡುವುದು ಗಂಜಲ ನೆನೆದು ಕೊಳೆಯುವ ಹುಲ್ಲಿನಲ್ಲಿ. ಮನೆನೊಣವಂತೂ ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಏಳರಿಂದ ಹತ್ತು ದಿನದಲ್ಲಿ ಬೆಳೆದುಬಿಡುತ್ತದೆ. ಆದ್ದರಿಂದ ಗುಂಡಿ ಲಾಯದಿಂದ, ಬಾವಿಯಿಂದ ದೂರವಿರಲಿ, ತಂದದ್ದನ್ನು ಆಗಾಗ ತುಳಿದು ಒತ್ತಿ ಟಾರ್ಪಾಲು ಮುಚ್ಚಲಿ. ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ನೊಣದ ಹುಳುವೂ ಲದ್ದಿಯಲ್ಲಿರುವ ಜಂತಿನ ಮೊಟ್ಟೆಯೂ ಸಾಯುತ್ತವೆ. ಅಂಚಿನದು ಅಷ್ಟು ಬಿಸಿಯಾಗದ ಕಾರಣ ತಿಂಗಳಿಗೊಮ್ಮೆ ಹೊರಗಿನದನ್ನು ಒಳಕ್ಕೆ ತಿರುವಿ ಹಾಕಬೇಕು. ಕುದುರೆ ಮೇಯುವ ಹೊಲಕ್ಕೆ ಹಸಿ ಲದ್ದಿ ಚೆಲ್ಲಿದರೆ ಅದೇ ಜಂತು ಮತ್ತೆ ಅದರ ಹೊಟ್ಟೆಗೇ ಹೋಗುತ್ತದೆ.

ಹುಲ್ಲಿನ ತಿಪ್ಪೆ ಮೂರು ನಾಲ್ಕು ತಿಂಗಳಲ್ಲಿ ತೆಂಗು ಅಡಿಕೆಯ ಬುಡಕ್ಕೆ ಹಾಕುವಷ್ಟು ಕಳಿಯುತ್ತದೆ. ಮರದ ಹೊಟ್ಟಿನ ತಿಪ್ಪೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಅರೆಬರೆ ಕೊಳೆಸಿ ತೋಟಕ್ಕೆ ಹಾಕಿದರೆ ಮಣ್ಣಿನಲ್ಲಿರುವ ಸಾರಜನಕವನ್ನೇ ಅದು ಹಿಡಿದುಕೊಂಡು ಗಿಡಗಳು ಹಳದಿಯಾಗುತ್ತವೆ. ಹೊಟ್ಟು ಬಳಸುವವರು ಅದರ ಜೊತೆಗೆ ಹಸುವಿನ ಸಗಣಿಯನ್ನೂ ಹೊಂಗೆ, ಗೊಬ್ಬರದ ಗಿಡದ ಸೊಪ್ಪನ್ನೂ ಪದರ ಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಮುಟ್ಟಿದರೆ ಮಣ್ಣಿನಂತೆ ಪುಡಿಯಾಗುವವರೆಗೆ ಒಂದು ವರ್ಷವಾದರೂ ಕಾದು ಬಳಸುವುದು ಒಳ್ಳೆಯದು.