ಹಿಂಜರಿತದ ನಂತರ ನಿಮ್ಮ ಜಿಲ್ಲೆ ಎಷ್ಟು ಚೇತರಿಸಿಕೊಂಡಿದೆ: ಲೆಕ್ಕ ಹಾಕುವ ಬಗೆ

ಕರ್ನಾಟಕದ ಆರ್ಥಿಕತೆಯು ಕೋವಿಡ್ ಕಾಲದ ಹೊಡೆತದಿಂದ ಚೇತರಿಸಿಕೊಂಡಿದೆ ಎಂಬ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ರಾಜ್ಯವನ್ನು ಒಂದು ಘಟಕವಾಗಿ ನೋಡಿದರೆ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತಿರುವಾಗ, ರಾಜ್ಯದ ಸರಾಸರಿಯನ್ನು ನೋಡಿ ಯಾದಗಿರಿಯ ಅಥವಾ ಚಾಮರಾಜನಗರದ ಸ್ಥಿತಿಯನ್ನು ಊಹಿಸಲು ಸಾಧ್ಯವಿಲ್ಲ. ಜಿಲ್ಲೆಯ ಚೇತರಿಕೆಯನ್ನು ಜಿಲ್ಲೆಯಲ್ಲಿಯೇ ಅಳೆಯಬೇಕು. ಸಾರ್ವಜನಿಕವಾಗಿ ದೊರೆಯುವ ಅಂಕಿಅಂಶಗಳನ್ನೂ ಊರಿನ ಕೆಲವು ನೇರ ಗುರುತುಗಳನ್ನೂ ಸೇರಿಸಿ ಆ ಅಳತೆಯನ್ನು ಮಾಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಜಿಲ್ಲಾ ವರದಿಗಾರರು, ಕಾಲೇಜು ಅಧ್ಯಾಪಕರು, ಸಣ್ಣ ಕೈಗಾರಿಕೆಗಳ ಸಂಘಟನೆಗಳು ಮತ್ತು ಪಂಚಾಯಿತಿ ಸದಸ್ಯರು ಇದನ್ನು ಬಳಸಬಹುದು. ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ, ಶೇಕಡಾವಾರು ಲೆಕ್ಕ ಗೊತ್ತಿದ್ದರೆ ಸಾಕು.

ಬೆಳವಣಿಗೆ ದರವನ್ನು ಬದಿಗಿಟ್ಟು ಮಟ್ಟವನ್ನು ನೋಡಿ

ಹಿಂಜರಿತದ ಮರುವರ್ಷ ಪ್ರಕಟವಾಗುವ ಬೆಳವಣಿಗೆ ದರವು ಅತ್ಯಂತ ಆಕರ್ಷಕವಾಗಿ ಕಾಣುತ್ತದೆ, ಆದ್ದರಿಂದಲೇ ಅತಿ ಹೆಚ್ಚು ದಾರಿ ತಪ್ಪಿಸುತ್ತದೆ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ (ಒಟ್ಟು ದೇಶೀಯ ಉತ್ಪನ್ನ) ಶೇ 24.4ರಷ್ಟು ಕುಸಿದು, ಮರುವರ್ಷದ ಅದೇ ತ್ರೈಮಾಸಿಕದಲ್ಲಿ ಶೇ 20.1ರಷ್ಟು ಬೆಳೆಯಿತೆಂದು 2021ರ ಆಗಸ್ಟ್‌ನಲ್ಲಿ ಸರ್ಕಾರ ಪ್ರಕಟಿಸಿತು. ಕುಸಿತಕ್ಕೆ ಮುಂಚಿನ ಮಟ್ಟವನ್ನು 100 ಎಂದು ಇಟ್ಟುಕೊಂಡರೆ, ಅದು ಮೊದಲು 75.6ಕ್ಕೆ ಇಳಿದು, ಬಳಿಕ ಶೇ 20ರ ಏರಿಕೆಯ ನಂತರವೂ 91ರ ಆಸುಪಾಸಿಗೆ ಬಂದು ನಿಂತಿತ್ತು. ಎರಡು ವರ್ಷಗಳ ಹಿಂದೆ ಇದ್ದಲ್ಲಿಗೆ ತಲುಪಲು ಇನ್ನೂ ಒಂಬತ್ತು ಅಂಶ ಬಾಕಿಯಿತ್ತು.

ಪೂರ್ಣ ವರ್ಷದ ಲೆಕ್ಕದಲ್ಲಿಯೂ ಇದೇ ಕಾಣುತ್ತದೆ. 2011–12ರ ಸ್ಥಿರ ಬೆಲೆಗಳಲ್ಲಿ, ಅಂದರೆ ಬೆಲೆಯೇರಿಕೆಯನ್ನು ಕಳೆದು ನೋಡಿದರೆ, ದೇಶದ ಜಿಡಿಪಿ 2019–20ರಲ್ಲಿ ಸುಮಾರು 145 ಲಕ್ಷ ಕೋಟಿ ರೂಪಾಯಿ ಇತ್ತು. 2020–21ರಲ್ಲಿ ಅದು ಸುಮಾರು 137 ಲಕ್ಷ ಕೋಟಿಗೆ ಇಳಿದು, 2021–22ರಲ್ಲಿ ಸುಮಾರು 150 ಲಕ್ಷ ಕೋಟಿಗೆ ಏರಿತು. ಕೊನೆಯ ವರ್ಷದ ಬೆಳವಣಿಗೆ ಶೇ 9.7 ಎಂದು ದಾಖಲಾಯಿತು, ಆದರೆ ಎರಡು ವರ್ಷಗಳನ್ನು ಒಟ್ಟಿಗೆ ಹಿಡಿದರೆ ಆದ ಏರಿಕೆ ಶೇ 3ಕ್ಕಿಂತ ತುಸು ಹೆಚ್ಚು ಮಾತ್ರ. ಹಿಂಜರಿತ ಬಾರದೆ ವರ್ಷಕ್ಕೆ ಶೇ 6ರಂತೆ ಬೆಳೆದಿದ್ದರೆ ಅದು 163 ಲಕ್ಷ ಕೋಟಿಯ ಹತ್ತಿರ ಇರುತ್ತಿತ್ತು. ಈ 13 ಲಕ್ಷ ಕೋಟಿಯ ಅಂತರವು ಜನರ ಕೈಗೆ ಬಾರದೇ ಹೋದ ಕೂಲಿ, ಸಂಬಳ ಮತ್ತು ಲಾಭವಾಗಿದ್ದು, ‘ಮೊದಲಿನ ಮಟ್ಟ ತಲುಪಿದೆವು’ ಎಂದು ಘೋಷಿಸಿದ ದಿನ ಅದು ಲೆಕ್ಕದಿಂದ ಕಾಣೆಯಾಗುತ್ತದೆ.

ಆದ್ದರಿಂದ ನಿಮ್ಮ ಹಾಳೆಯಲ್ಲಿ ಪ್ರತಿಯೊಂದು ಸೂಚಕಕ್ಕೂ ಮೂರು ಕಂಬಸಾಲುಗಳನ್ನು ಹಾಕಿಕೊಳ್ಳಿ: 2019ರ ಅದೇ ತಿಂಗಳು, ಕಳೆದ ವರ್ಷದ ಅದೇ ತಿಂಗಳು ಮತ್ತು ಈ ವರ್ಷದ ತಿಂಗಳು. 2019ರ ಅಂಕಿಯನ್ನು 100 ಎಂದು ಇಟ್ಟು ಉಳಿದೆರಡನ್ನು ಅದಕ್ಕೆ ಹೋಲಿಸಿ. ಅಕ್ಟೋಬರನ್ನು ಆಗಸ್ಟ್‌ಗೆ ಹೋಲಿಸಬೇಡಿ, ಏಕೆಂದರೆ ದಸರಾ ಮತ್ತು ದೀಪಾವಳಿಯ ವ್ಯಾಪಾರವನ್ನು ಆಷಾಢ–ಶ್ರಾವಣದ ವ್ಯಾಪಾರದೊಂದಿಗೆ ಹೋಲಿಸಿದಂತಾಗುತ್ತದೆ. ಹಬ್ಬವು ತಿಂಗಳು ಬದಲಿಸಿದ ವರ್ಷಗಳಲ್ಲಿ ಎರಡು ತಿಂಗಳುಗಳನ್ನು ಕೂಡಿಸಿ ನೋಡುವುದು ಕ್ಷೇಮ.

ಹಣದ ರೂಪದಲ್ಲಿರುವ ಯಾವುದೇ ಅಂಕಿಯಿಂದ ಬೆಲೆಯೇರಿಕೆಯನ್ನು ಕಳೆಯುವುದನ್ನು ಮರೆಯಬಾರದು. ವಹಿವಾಟು 100ರಿಂದ 130ಕ್ಕೆ ಏರಿ, ಅದೇ ಅವಧಿಯಲ್ಲಿ ಬೆಲೆಗಳು 100ರಿಂದ 125ಕ್ಕೆ ಏರಿದ್ದರೆ ನಿಜವಾದ ಹೆಚ್ಚಳ ಶೇ 4 ಮಾತ್ರ. ಇದಕ್ಕೆ ಬೇಕಾದ ಗ್ರಾಹಕ ಬೆಲೆ ಸೂಚ್ಯಂಕವು ಕರ್ನಾಟಕದ ಗ್ರಾಮೀಣ ಮತ್ತು ನಗರ ಪ್ರದೇಶಗಳಿಗೆ ಪ್ರತ್ಯೇಕವಾಗಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ.

ಯಾವ ಅಂಕಿಯನ್ನು ಎಷ್ಟು ನಂಬಬೇಕು

ಜಿಲ್ಲಾ ಆದಾಯದ ಅಂದಾಜು ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ದೊರೆಯುತ್ತದೆ. ಬಜೆಟ್ ಸಮಯದಲ್ಲಿ ಹೊರಬರುವ ಈ ಸಮೀಕ್ಷೆಯನ್ನು ಮೊದಲು ಓದಿಕೊಳ್ಳಿ, ಆದರೆ ಅದರ ಎರಡು ಮಿತಿಗಳನ್ನು ನೆನಪಿನಲ್ಲಿಡಿ. ಜಿಲ್ಲೆಯ ಅಂಕಿ ರಾಜ್ಯದ ಅಂಕಿಗಿಂತ ತಡವಾಗಿ ಬರುತ್ತದೆ. ಅಲ್ಲದೆ ಅದರ ಒಂದು ಭಾಗವನ್ನು ಜಿಲ್ಲೆಯಲ್ಲಿ ನೇರವಾಗಿ ಅಳೆಯದೆ, ರಾಜ್ಯದ ಮೊತ್ತವನ್ನು ಬೇರೆ ಬೇರೆ ಸೂಚಕಗಳ ಆಧಾರದ ಮೇಲೆ ಜಿಲ್ಲೆಗಳಿಗೆ ಹಂಚಿ ಪಡೆಯಲಾಗಿರುತ್ತದೆ. ಜಿಲ್ಲೆಗಳ ನಡುವಿನ ಅಂತರವನ್ನು ತಿಳಿಯಲು ಇದು ಒಳ್ಳೆಯ ಸಾಧನ. ಈ ವರ್ಷದ ತಿರುವನ್ನು ಹಿಡಿಯಲು ಅಲ್ಲ.

ಜಿಎಸ್‌ಟಿ ಸಂಗ್ರಹದ ರಾಜ್ಯವಾರು ವಿವರ ತಿಂಗಳ ಆರಂಭದಲ್ಲಿಯೇ ಸಿಗುವುದರಿಂದ ಎಲ್ಲರೂ ಮೊದಲು ಅದರತ್ತಲೇ ಕೈ ಚಾಚುತ್ತಾರೆ. 2020ರ ಏಪ್ರಿಲ್‌ನಲ್ಲಿ ದೇಶದ ಸಂಗ್ರಹ 32,172 ಕೋಟಿ ರೂಪಾಯಿಗೆ ಕುಸಿದದ್ದು ಆ ತಿಂಗಳ ನಿಶ್ಚಲತೆಯನ್ನು ಸರಿಯಾಗಿಯೇ ಹೇಳಿತು. ಆದರೆ ಜಿಲ್ಲೆಯ ಮಟ್ಟದಲ್ಲಿ ಜಿಎಸ್‌ಟಿಯನ್ನು ಬಹಳ ಎಚ್ಚರದಿಂದ ಬಳಸಬೇಕು. ಒಂದು ಕಂಪನಿಗೆ ಒಂದು ರಾಜ್ಯದಲ್ಲಿ ಸಾಮಾನ್ಯವಾಗಿ ಒಂದೇ ನೋಂದಣಿ ಇರುವುದರಿಂದ, ಬಳ್ಳಾರಿಯಲ್ಲಿಯೋ ಕೊಪ್ಪಳದಲ್ಲಿಯೋ ಕಾರ್ಖಾನೆ ನಡೆಸುವ ಸಂಸ್ಥೆಯು ಬೆಂಗಳೂರಿನ ವಿಳಾಸದಲ್ಲಿ ನೋಂದಾಯಿಸಿಕೊಂಡಿದ್ದರೆ ಅದರ ತೆರಿಗೆ ಬೆಂಗಳೂರಿನ ಖಾತೆಗೇ ಸೇರುತ್ತದೆ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳು ಬದಲಾಗಿರುವ ಕಾರಣ, ಆ ದಿನಾಂಕದ ಹಿಂದಿನ ಮತ್ತು ಮುಂದಿನ ತಿಂಗಳುಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ನನ್ನ ಅಭಿಪ್ರಾಯದಲ್ಲಿ ಜಿಲ್ಲೆಗೆ ಹೆಚ್ಚು ನಂಬಬಹುದಾದ ಸೂಚಕವೆಂದರೆ ಕೈಗಾರಿಕೆ ಮತ್ತು ವಾಣಿಜ್ಯ ಸಂಪರ್ಕಗಳ ವಿದ್ಯುತ್ ಬಳಕೆ. ವಿದ್ಯುತ್ ಸರಬರಾಜು ಕಂಪನಿಗಳಾದ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಮತ್ತು ಮೈಸೂರಿನ ಸೆಸ್ಕ್ ತಮ್ಮ ವಿಭಾಗವಾರು ಬಳಕೆಯನ್ನು ದರಪಟ್ಟಿಯ ವರ್ಗಗಳ ಪ್ರಕಾರ ಲೆಕ್ಕವಿಡುತ್ತವೆ. ವಿದ್ಯುತ್ತನ್ನು ಯೂನಿಟ್‌ಗಳಲ್ಲಿ ಅಳೆಯುವುದರಿಂದ ಬೆಲೆಯೇರಿಕೆಯ ಗೊಂದಲವಿಲ್ಲ. ಒಟ್ಟು ಬಳಕೆಯನ್ನು ಮಾತ್ರ ತೆಗೆದುಕೊಳ್ಳಬೇಡಿ. 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದ್ದು, ಆ ಬಳಕೆಯ ಬಹುಭಾಗ ಮೀಟರಿನ ಓದಲ್ಲದೆ ಅಂದಾಜು ಆಗಿರುತ್ತದೆ, ಮತ್ತು ಮಳೆ ಕೈಕೊಟ್ಟ ವರ್ಷ ಅದು ಏರುವುದು ಸಂಕಷ್ಟದ ಲಕ್ಷಣವೇ ಹೊರತು ಚೇತರಿಕೆಯದ್ದಲ್ಲ.

ಬ್ಯಾಂಕ್ ಸಾಲದ ಏರಿಕೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಮೌಲ್ಯದ ಶೇ 75ರವರೆಗೆ ಇದ್ದ ಸಾಲದ ಮಿತಿಯನ್ನು, ಕೃಷಿಯೇತರ ಉದ್ದೇಶಗಳಿಗೆ, ಮರುವರ್ಷದ ಮಾರ್ಚ್ 31ರವರೆಗೆ ಶೇ 90ಕ್ಕೆ ಏರಿಸಿತ್ತು. ಮನೆಯ ಒಡವೆ ಅಡವಿಟ್ಟು ಪಡೆದ ಸಾಲ ಹೆಚ್ಚಿದ ಜಿಲ್ಲೆಯಲ್ಲಿ ‘ಸಾಲ ವಿತರಣೆ ಚುರುಕಾಗಿದೆ’ ಎಂಬ ವಾಕ್ಯ ಅಧಿಕಾರಿಗಳ ವರದಿಯಲ್ಲಿ ಬರಬಹುದು. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನ ಸಭೆಯ ಕಾಗದಗಳಲ್ಲಿ ಒಡವೆ ಸಾಲ, ಬೆಳೆ ಸಾಲ ಮತ್ತು ಸಣ್ಣ ಕೈಗಾರಿಕೆಗಳ ಸಾಲವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ.

ದುಡಿಮೆಯ ಲೆಕ್ಕವೇ ಮುಖ್ಯ

ಉತ್ಪನ್ನ ಹಿಂದಿನ ಮಟ್ಟಕ್ಕೆ ಬಂದರೂ ದುಡಿಮೆ ಬಾರದಿರುವುದು ಸಾಧ್ಯ, ಮತ್ತು ಈ ಭಾಗವನ್ನು ಕೈಬಿಟ್ಟ ಯಾವ ಚೇತರಿಕೆಯ ವರದಿಯನ್ನೂ ನಾನು ಪೂರ್ಣವೆಂದು ಒಪ್ಪಲಾರೆ.

ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ದುಡಿಯುವವರಲ್ಲಿ ಕೃಷಿಯನ್ನು ಅವಲಂಬಿಸಿದವರ ಪಾಲು 2018–19ರಲ್ಲಿ ಶೇ 42.5 ಇತ್ತು, 2020–21ರಲ್ಲಿ ಅದು ಶೇ 46.5ಕ್ಕೆ ಏರಿತು. ದಶಕಗಳಿಂದ ಹೊಲ ಬಿಟ್ಟು ಪಟ್ಟಣದತ್ತ ಸಾಗಿದ್ದ ಜನ ಮತ್ತೆ ಹೊಲಕ್ಕೆ ಮರಳಿದರು. ಅಷ್ಟೇ ಭೂಮಿಯಲ್ಲಿ ಹೆಚ್ಚು ಕೈಗಳು ದುಡಿದಾಗ ತಲಾ ಗಳಿಕೆ ಇಳಿಯುತ್ತದೆ, ಆದರೆ ನಿರುದ್ಯೋಗದ ಪ್ರಮಾಣ ಇಳಿದಂತೆಯೇ ಕಾಣುತ್ತದೆ. 2023–24ರಲ್ಲಿಯೂ ಈ ಪಾಲು ಶೇ 46ರ ಮೇಲೆಯೇ ಇತ್ತು ಎಂಬುದು, ಜಿಡಿಪಿ ದಾಖಲೆ ಬರೆಯುತ್ತಿದ್ದ ವರ್ಷಗಳಲ್ಲಿಯೂ ಅವರಲ್ಲಿ ಬಹಳ ಮಂದಿಗೆ ಮರಳುವಂತಹ ಕೆಲಸ ಸಿಕ್ಕಿರಲಿಲ್ಲ ಎಂಬುದನ್ನು ಸೂಚಿಸುತ್ತದೆ. ಮಹಿಳೆಯರ ದುಡಿಮೆಯ ಪ್ರಮಾಣ ಇದೇ ಅವಧಿಯಲ್ಲಿ ಗಣನೀಯವಾಗಿ ಏರಿದೆ. ಅದರ ಒಳಗೆ ಗಾರ್ಮೆಂಟ್ಸ್‌ಗೆ ಹೋಗುವ ಸಂಬಳದ ಕೆಲಸ ಎಷ್ಟು, ಮನೆಯ ಹೊಲದಲ್ಲಿ ಅಥವಾ ಅಂಗಡಿಯಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸ ಎಷ್ಟು ಎಂದು ಬೇರ್ಪಡಿಸದೆ ಅದನ್ನು ಸಂಭ್ರಮಿಸಲಾಗದು.

ಇನ್ನೊಂದು ಗುರುತು ಉದ್ಯೋಗ ಖಾತರಿಯ ಕೆಲಸಕ್ಕೆ ಬಂದ ಬೇಡಿಕೆ. ನರೇಗಾ ಅಡಿಯಲ್ಲಿ ದೇಶದಾದ್ಯಂತ 2019–20ರಲ್ಲಿ ಸುಮಾರು 265 ಕೋಟಿ ಮಾನವ ದಿನಗಳು (ಒಬ್ಬರ ಒಂದು ದಿನದ ಕೆಲಸ ಒಂದು ಮಾನವ ದಿನ) ಸೃಷ್ಟಿಯಾಗಿದ್ದರೆ, 2020–21ರಲ್ಲಿ ಅದು ಸುಮಾರು 389 ಕೋಟಿಗೆ ಏರಿತು. ಬೇರೆಲ್ಲೂ ಕೆಲಸವಿಲ್ಲದಾಗ ಜನ ಬರುವ ಕೆಲಸವಿದು. ನಿಮ್ಮ ತಾಲ್ಲೂಕಿನಲ್ಲಿ ಈ ಬೇಡಿಕೆ 2019ರ ಮಟ್ಟಕ್ಕೆ ಇಳಿದದ್ದು ಯಾವಾಗ ಎಂದು ಪಂಚಾಯಿತಿವಾರು ದಾಖಲೆಗಳಲ್ಲಿ ಹುಡುಕಿ. ಇಳಿಕೆಗೆ ಕಾರಣ ಹೊರಗೆ ಕೆಲಸ ಸಿಕ್ಕಿದ್ದೋ, ಕೂಲಿ ಪಾವತಿ ತಡವಾಗಿ ಜನ ಬೇಸತ್ತದ್ದೋ ಎಂಬುದನ್ನು ನರೇಗಾ ಕೂಲಿಕಾರರ ಗುಂಪನ್ನು ಮುನ್ನಡೆಸುವ ಕಾಯಕ ಬಂಧುಗಳನ್ನು ಕೇಳಿಯೇ ತಿಳಿಯಬೇಕು.

ಕಾರ್ಖಾನೆಯ ಗೇಟು, ಮಾರುಕಟ್ಟೆಯ ಅಂಗಳ

ಕಾಗದದ ಅಂಕಿಗಳನ್ನು ಕಣ್ಣಾರೆ ಕಂಡದ್ದರೊಂದಿಗೆ ತಾಳೆ ನೋಡಬೇಕು. ಪೀಣ್ಯ ಅಥವಾ ಬೆಳಗಾವಿಯ ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ನಡೆದರೆ ಗೇಟುಗಳ ಮೇಲೆ ಎರಡು ಬಗೆಯ ಬೋರ್ಡುಗಳು ಕಾಣುತ್ತವೆ: ‘ಶೆಡ್ ಬಾಡಿಗೆಗಿದೆ’ ಮತ್ತು ‘ಸಿಎನ್‌ಸಿ ಆಪರೇಟರ್, ಹೆಲ್ಪರ್ ಬೇಕಾಗಿದ್ದಾರೆ’. ಒಂದೇ ರಸ್ತೆಯಲ್ಲಿ ಮೂರು ತಿಂಗಳಿಗೊಮ್ಮೆ ಇವೆರಡನ್ನೂ ಎಣಿಸಿ ಬರೆದಿಡಿ. ಹಗಲು ಪಾಳಿಗಿಂತ ರಾತ್ರಿ ಪಾಳಿ ನಡೆಯುತ್ತಿದೆಯೇ ಎಂಬುದು ಹೆಚ್ಚು ತಿಳಿಸುತ್ತದೆ, ಏಕೆಂದರೆ ಆರ್ಡರ್ ಕಡಿಮೆಯಾದಾಗ ಮಾಲೀಕರು ಮೊದಲು ನಿಲ್ಲಿಸುವುದು ರಾತ್ರಿ ಪಾಳಿಯನ್ನು. ದೊಡ್ಡ ಕಂಪನಿಗಳಿಗಾಗಿ ಜಾಬ್ ವರ್ಕ್ ಮಾಡುವ ಸಣ್ಣ ಘಟಕದವರನ್ನು ‘ವ್ಯಾಪಾರ ಹೇಗಿದೆ’ ಎಂದು ಕೇಳಿದರೆ ಉಪಯೋಗವಿಲ್ಲ, ‘ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತಿದೆ’ ಎಂದು ಕೇಳಿ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು ಕಾನೂನು ಹೇಳುತ್ತದೆ. ಬಿಲ್ 90 ದಿನ ಕಾಯುತ್ತಿದ್ದರೆ ಆರ್ಡರ್ ಪುಸ್ತಕ ತುಂಬಿದ್ದರೂ ಆ ಘಟಕದಲ್ಲಿ ಸಂಬಳ ಕೊಡಲು ನಗದು ಇರುವುದಿಲ್ಲ.

ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆ ಇನ್ನೊಂದು ಪಾಠ ಕಲಿಸುತ್ತದೆ. 2020ರಲ್ಲಿ ಮದುವೆಗಳು ನಿಂತವು, ರೇಷ್ಮೆ ಸೀರೆಯ ಬೇಡಿಕೆ ಬಿದ್ದಿತು, ಅದರೊಂದಿಗೆ ಗೂಡಿನ ದರವೂ ಬಿದ್ದಿತು. ದರ ಬಿದ್ದಾಗ ನಷ್ಟ ತಾಳಲಾರದ ರೈತರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕುತ್ತಾರೆ. ಬೇಡಿಕೆ ಮರಳಿದಾಗ ಮಾರುಕಟ್ಟೆಗೆ ಬರುವ ಲಾಟುಗಳು ಕಡಿಮೆಯಿದ್ದು ಕಿಲೋ ದರ ಜಿಗಿಯುತ್ತದೆ. ಆಗ ದರವೊಂದನ್ನೇ ನೋಡಿದವರು ರೇಷ್ಮೆ ಬೆಳೆಗಾರರು ಗೆದ್ದರೆಂದು ಬರೆಯುತ್ತಾರೆ, ಆದರೆ ಬೆಳೆ ಬಿಟ್ಟವರು ಆ ದರದ ಫಲ ಉಣ್ಣುವುದಿಲ್ಲ, ನೂಲು ತೆಗೆಯುವ ರೀಲರುಗಳಿಗೆ ದುಬಾರಿ ಗೂಡು ಹೊರೆಯಾಗುತ್ತದೆ. ಆದ್ದರಿಂದ ಬ್ಯಾಡಗಿಯ ಮೆಣಸಿನಕಾಯಿ ಇರಲಿ, ಕಲಬುರಗಿಯ ತೊಗರಿ ಇರಲಿ, ಆವಕವನ್ನೂ ದರವನ್ನೂ ಗುಣಿಸಿ, ಬಂದ ಮೊತ್ತವನ್ನು 2019ಕ್ಕೆ ಹೋಲಿಸಬೇಕು.

ಮುನ್ನೋಟ ಬರೆಯುವಾಗ

ಮುಂದಿನ ವರ್ಷದ ಬೆಳವಣಿಗೆ ಇಷ್ಟೇ ಎಂದು ಒಂದು ಅಂಕಿ ಹೇಳುವ ಸಾಹಸ ಬೇಡ. ಅದರ ಬದಲು ನಿಮ್ಮ ಜಿಲ್ಲೆಯ ಗಳಿಕೆಗೆ ಆಧಾರವಾಗಿರುವ ಎರಡು ಮೂರು ವಿಷಯಗಳನ್ನು ಗುರುತಿಸಿ, ಅವು ಯಾವ ಕಡೆಯಿಂದ ಅಲುಗಾಡಬಹುದು ಎಂದು ಬರೆಯಿರಿ. ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಕಾಫಿಯ ದರ ನಿರ್ಧಾರವಾಗುವುದು ಬ್ರೆಜಿಲ್ ಮತ್ತು ವಿಯೆಟ್ನಾಂನ ಫಸಲಿನಿಂದ. 2024ರಲ್ಲಿ ಅಲ್ಲಿನ ಬರದಿಂದಾಗಿ ರೊಬಸ್ಟಾ ದರ ದಾಖಲೆಯ ಮಟ್ಟಕ್ಕೆ ಏರಿ ಇಲ್ಲಿನ ಬೆಳೆಗಾರರ ಕೈ ತುಂಬಿತು, ಅಲ್ಲಿ ಫಸಲು ಚೆನ್ನಾಗಿ ಬಂದರೆ ಅದೇ ಕೈ ಬರಿದಾಗುತ್ತದೆ. ಮಳೆಯಾಶ್ರಿತ ಜಿಲ್ಲೆಗಳಲ್ಲಿ ಮುಂಗಾರಿಗೆ ಮೊದಲ ಸ್ಥಾನ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು; ಕೋವಿಡ್‌ನ ಸಾಲವನ್ನೇ ತೀರಿಸಿರದ ಕುಟುಂಬಗಳ ಮೇಲೆ ಎರಡನೇ ಹೊಡೆತ ಬಿದ್ದದ್ದು ಹಾಗೆ. ಬೆಂಗಳೂರಿಗೆ ಅಮೆರಿಕದ ಕಂಪನಿಗಳ ತಂತ್ರಜ್ಞಾನ ವೆಚ್ಚ ಮುಖ್ಯ, ಮತ್ತು ಐಟಿ ನೇಮಕಾತಿ ನಿಂತಾಗ ಅದರ ಪರಿಣಾಮ ಪಿಜಿಗಳು, ಕ್ಯಾಬ್‌ಗಳು ಹಾಗೂ ಕಟ್ಟಡ ಕೆಲಸದ ಮೂಲಕ ಯಾದಗಿರಿಯಿಂದ ಬಂದ ಕೂಲಿಗಾರನವರೆಗೂ ತಲುಪುತ್ತದೆ.

ಹಿಂಜರಿತಕ್ಕೆ ಮುಂಚೆಯೇ ಜಿಲ್ಲೆ ಎಲ್ಲಿತ್ತು ಎಂಬುದನ್ನೂ ಮುನ್ನೋಟದಲ್ಲಿ ಸೇರಿಸಬೇಕು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದೂ ಗುರುತಿಸಿತ್ತು. ಆ 39ರಲ್ಲಿ 21 ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲಿಯೇ ಇದ್ದವು. ಅಂತಹ ತಾಲ್ಲೂಕಿನಲ್ಲಿ ‘2019ರ ಮಟ್ಟ ತಲುಪಿದೆ’ ಎಂದರೆ ಹಳೆಯ ಕೊರತೆಗೆ ಮರಳಿದೆ ಎಂದಷ್ಟೇ ಅರ್ಥ. ಆದ್ದರಿಂದ ಹಾಳೆಯ ಕೊನೆಯಲ್ಲಿ ನಾಲ್ಕನೇ ಕಂಬಸಾಲೊಂದನ್ನು ಸೇರಿಸಿ ರಾಜ್ಯದ ಸರಾಸರಿಯನ್ನು ನಮೂದಿಸಿ, ಅಂತರ ಕಿರಿದಾಗುತ್ತಿದೆಯೇ ಎಂದು ಪರಿಶೀಲಿಸಿ. ಬರೆದ ಮುನ್ನೋಟಕ್ಕೆ ದಿನಾಂಕ ಹಾಕಿ, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಆರ್ಥಿಕ ಸಮೀಕ್ಷೆ ಬಂದ ಮೇಲೆ ಮತ್ತೊಮ್ಮೆ ಅದೇ ಹಾಳೆಯನ್ನು ತೆರೆದು ಅಂಕಿಗಳನ್ನು ತಿದ್ದಿಕೊಳ್ಳಿ.