ನ್ಯೂ ವೇಗಸ್‌ನ ಕನ್ಸೋಲ್: ಸೇವ್ ಫೈಲಿನಲ್ಲಿ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ

ಕಲಬುರಗಿಯಲ್ಲಿ ಫಾಲ್‌ಔಟ್: ನ್ಯೂ ವೇಗಸ್ ಆಡುವವರಿಂದ ನನಗೆ ಬರುವ ದೂರುಗಳು ಮೂರು ಬಗೆಯವು. "ಅಣ್ಣಾ, ಒಂದ್ ತಾಸು ಆಡಿದ್ರ ಗೇಮ್ ತಾನೇ ಬಂದ್ ಆಗ್ಲಾಕತ್ತದ" ಅನ್ನುವುದು ಮೊದಲನೆಯದು. ಕ್ವೆಸ್ಟ್, ಅಂದರೆ ಆಟ ಕೊಡುವ ಕೆಲಸ, ಒಂದು ಕಡೆ ಸಿಕ್ಕಿಹಾಕಿಕೊಂಡಿದೆ ಎಂಬುದು ಎರಡನೆಯದು. ಚೀಟ್ ಹಾಕಿದ ಮೇಲೆ ಆಟವೇ ಹದಗೆಟ್ಟಿತು ಎಂಬುದು ಮೂರನೆಯದು. ಈ ಮೂರನೆಯದು ಬಹಳ ಸಲ ಎರಡನೆಯದರ ಕೂಸು. ನಿಂತುಹೋದ ಕ್ವೆಸ್ಟನ್ನು ತಳ್ಳಲು ಕೈಗೆ ಸಿಕ್ಕ ಕಮಾಂಡ್ ಹೊಡೆದಿರುತ್ತಾರೆ. ಅದರ ಗುರುತು ಸೇವ್ ಫೈಲಿನಲ್ಲಿ ಕೂತು, ಇಪ್ಪತ್ತು ತಾಸು ಆಡಿದ ಮೇಲೆ ಎಲ್ಲೋ ಬೇರೆ ಕಡೆ ಹೊರಬರುತ್ತದೆ.

ಆದ್ದರಿಂದ ನಾನು ಕನ್ಸೋಲನ್ನು, ಅಂದರೆ ಆಟದೊಳಗೇ ಕಮಾಂಡ್ ಹೊಡೆಯುವ ಕಿಟಕಿಯನ್ನು, ಮುಖ್ಯವಾಗಿ ರಿಪೇರಿಯ ಪಾನಾ ಎಂದೇ ಹಿಡಿಯುತ್ತೇನೆ. ಯಾವ ಕಮಾಂಡ್ ಹೊಡೆಯುವ ಮೊದಲೂ ನೋಡಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಸೇವ್‌ನಲ್ಲಿ ಉಳಿಯುತ್ತದೆಯೇ, ಆಟ ಮುಚ್ಚಿದರೆ ಹೋಗುತ್ತದೆಯೇ?

ಮೊದಲು ತಾನೇ ಬಂದ್ ಆಗುವ ತೊಂದರೆ. ಅಬ್ಸಿಡಿಯನ್ ಕಂಪನಿ ಮಾಡಿದ ಈ ಆಟ 2010ರ ಅಕ್ಟೋಬರ್‌ನದು, 32 ಬಿಟ್ ಪ್ರೋಗ್ರಾಂ. ನಿಮ್ಮ ಪಿಸಿಯಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಆಟ ಮುಟ್ಟುವುದು 2 ಜಿಬಿ ಮಾತ್ರ. ಸ್ಟ್ರಿಪ್‌ನಂಥ ಜನನಿಬಿಡ ಜಾಗಕ್ಕೆ ಹೋದಾಗ, ದೊಡ್ಡ ಟೆಕ್ಸ್‌ಚರ್ ಮಾಡ್ (ಆಟದ ಚಿತ್ರಗಳನ್ನು ಬದಲಿಸುವ, ಆಟಗಾರರೇ ಮಾಡಿದ ಫೈಲು) ಹಾಕಿದಾಗ ಆ ಮಿತಿ ಮುಟ್ಟಿ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಆಡಿ ನೋಡಿ, ಮೆಮೊರಿ ಏರುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 4 ಜಿಬಿ ಪ್ಯಾಚರ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿದರೆ ಮಿತಿ 4 ಜಿಬಿಗೆ ಏರುತ್ತದೆ. ಗಾಗ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಪ್ರತಿಯಲ್ಲಿ ಈ ಬದಲಾವಣೆ ಮೊದಲೇ ಆಗಿರುತ್ತದೆ.

ನಾನು ಮಾಡುವ ಕ್ರಮ ಹೀಗೆ. ಆಟವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇಡುವುದಿಲ್ಲ, ಅಲ್ಲಿ ವಿಂಡೋಸ್ ಫೈಲ್ ತಿದ್ದಲು ಬಿಡುವುದಿಲ್ಲ. ಡಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಸರಿಸಿ, ಲಾಂಚರನ್ನು ಒಂದು ಸಲ ತೆರೆದು ಮುಚ್ಚುತ್ತೇನೆ. ಸೆಟ್ಟಿಂಗ್ ಫೈಲುಗಳು ಹುಟ್ಟುವುದು ಆಗಲೇ. ಆಮೇಲೆ ಮಾಡ್‌ಗಳಿಗೆ ಹೆಚ್ಚಿನ ಕಮಾಂಡ್ ಒದಗಿಸುವ ಎಕ್ಸ್‌ಎನ್‌ವಿಎಸ್‌ಇ ಸ್ಕ್ರಿಪ್ಟ್ ಎಕ್ಸ್‌ಟೆಂಡರಿನ ಫೈಲುಗಳನ್ನು ಆಟದ ಮುಖ್ಯ ಎಕ್ಸಿ ಫೈಲ್ ಇರುವಲ್ಲೇ ಹಾಕಿ, ಪ್ಯಾಚರನ್ನೂ ಅಲ್ಲಿಟ್ಟು ಒಂದು ಸಲ ಓಡಿಸುವುದು. ಅದು ಮೂಲ ಎಕ್ಸಿಯ ಬ್ಯಾಕಪ್ ಮಾಡಿಕೊಳ್ಳುತ್ತದೆ. ಆ್ಯಂಟಿವೈರಸ್ ಪ್ಯಾಚರನ್ನು ಎತ್ತಿ ಬದಿಗಿಟ್ಟಿದೆಯೋ ನೋಡಿ, ಇದು ಆಗಾಗ ಆಗುತ್ತದೆ. ಸ್ಟೀಮ್‌ನಲ್ಲಿ ಫೈಲ್ ವೆರಿಫೈ ಮಾಡಿದರೆ ಎಕ್ಸಿ ಮತ್ತೆ ಹಳೆಯದಾಗುತ್ತದೆ, ಆಗ ಪ್ಯಾಚರ್ ಇನ್ನೊಮ್ಮೆ ಓಡಿಸಬೇಕು.

ಎಲ್ಲ ಸರಿಯಾಯಿತೇ ಎಂದು ತಿಳಿಯಲು ಆಟದೊಳಗೆ ಕನ್ಸೋಲ್ ತೆರೆದು 'ಗೆಟ್‌ಎನ್‌ವಿಎಸ್‌ಇವರ್ಷನ್' ಎಂದು ಹೊಡೆಯಿರಿ. ನಂಬರ್ ಬಂದರೆ ಎರಡೂ ಕೂತಿವೆ, ಏಕೆಂದರೆ ಎಕ್ಸ್‌ಟೆಂಡರನ್ನು ಎಬ್ಬಿಸುವುದೇ ಪ್ಯಾಚ್ ಆದ ಎಕ್ಸಿ. ಕಮಾಂಡ್ ಗೊತ್ತಿಲ್ಲ ಎಂದರೆ ಫೈಲ್ ತಪ್ಪು ಫೋಲ್ಡರಿಗೆ ಬಿದ್ದಿದೆ. ಎಕ್ಸ್‌ಟೆಂಡರ್‌ನ ಪ್ಲಗಿನ್‌ಗಳು ಡೇಟಾ ಫೋಲ್ಡರಿನೊಳಗೆ ಎನ್‌ವಿಎಸ್‌ಇ, ಅದರೊಳಗೆ ಪ್ಲಗಿನ್ಸ್, ಅಲ್ಲಿ ಇರಬೇಕು. ಜಿಪ್ ಬಿಚ್ಚುವಾಗ ಡೇಟಾ ಒಳಗೆ ಇನ್ನೊಂದು ಡೇಟಾ ಆಗಿಬಿಡುವುದು ನಾನು ನೋಡಿದ ತಪ್ಪುಗಳಲ್ಲೇ ಹೆಚ್ಚಿನದು.

ಇದರ ಮೇಲೆ ಎರಡೇ ಸಾಕು. ಒಂದು, ಎನ್‌ವಿಟಿಎಫ್ ಎಂಬ ಟಿಕ್ ಫಿಕ್ಸ್. ಆಟ ಎಡವಿ ಎಡವಿ ಓಡುವುದನ್ನು ಅದು ಸರಿಮಾಡುತ್ತದೆ. ಇನ್ನೊಂದು ಯಪ್, ಅಂದರೆ ಅನಧಿಕೃತ ಬಗ್ ಪ್ಯಾಚ್. ಲೋಡ್ ಆರ್ಡರಿನಲ್ಲಿ, ಅಂದರೆ ಆಟ ಫೈಲುಗಳನ್ನು ಓದುವ ಸಾಲಿನಲ್ಲಿ, ಇದು ಅಧಿಕೃತ ಡಿಎಲ್‌ಸಿಗಳ (ಆಮೇಲೆ ಬಂದ ಹೆಚ್ಚುವರಿ ಭಾಗಗಳ) ಕೆಳಗೇ ಬರಬೇಕು. ಹೊಸ ಆಟ ಶುರುಮಾಡುವ ಮೊದಲೇ ಯಪ್ ಹಾಕಿ. ಆಗಲೇ ಕೆಟ್ಟು ಸೇವ್ ಆದ ಕ್ವೆಸ್ಟನ್ನು ಅದು ಹಿಂದಕ್ಕೆ ಹೋಗಿ ತಿದ್ದುವುದಿಲ್ಲ. ನಡುವೆ ತೆಗೆದರೆ ಇನ್ನೂ ಕೆಡುತ್ತದೆ.

ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿ. ಅದಕ್ಕಿಂತ ಮೇಲೆ ಹೋದರೆ ಮೂಲ ಆಟದ ಭೌತಶಾಸ್ತ್ರ ತಪ್ಪುತ್ತದೆ, ಬಾಗಿಲು ತೆರೆದೊಡನೆ ಮೇಜಿನ ಮೇಲಿನ ಬಾಟಲಿಗಳು ಹಾರಾಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವಾಗ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುವುದೂ ಇದರಿಂದ ಕಡಿಮೆಯಾಗುತ್ತದೆ. ಕ್ಯಾಬಿನೆಟ್ಟಿನ ಧೂಳು ಬ್ರಷ್ಷಿನಿಂದ ತೆಗೆಯದೆ ಬೇಸಿಗೆಯಲ್ಲಿ ಬಂದ್ ಆಗುವ ಆಟಕ್ಕೆ ಪ್ಯಾಚ್ ಹುಡುಕಬೇಡಿ. ಮಿಕ್ಕ ಆಟಗಳೂ ಬೀಳುತ್ತಿದ್ದರೆ ಅದು ಬಿಸಿಯ ತೊಂದರೆ.

ಇನ್ನು ಕರೆಂಟ್. ಎಫ್5 ಒತ್ತಿದ ಕ್ಷಣದಲ್ಲೇ ಕರೆಂಟ್ ಹೋದರೆ ಕ್ವಿಕ್‌ಸೇವ್ ಅರ್ಧ ಬರೆದು ನಿಲ್ಲುತ್ತದೆ. ಹೆದರಬೇಡಿ. ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್, ಅದರೊಳಗೆ ಫಾಲ್‌ಔಟ್‌ಎನ್‌ವಿ, ಅದರೊಳಗೆ ಸೇವ್ಸ್ ಫೋಲ್ಡರಿಗೆ ಹೋಗಿ. ಕ್ವಿಕ್‌ಸೇವ್ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ಡಾಟ್ ಬ್ಯಾಕ್ ಎಂದಿರುವ ಫೈಲ್ ಇರುತ್ತದೆ. ಅದು ಹಿಂದಿನ ಸೇವ್. ಕೆಟ್ಟದ್ದನ್ನು ಬೇರೆಡೆ ಸರಿಸಿ, ಈ ಫೈಲಿನ ಹೆಸರಿನಿಂದ ಡಾಟ್ ಬ್ಯಾಕ್ ಭಾಗ ತೆಗೆದರೆ ಆಟದಲ್ಲಿ ಕಾಣಿಸುತ್ತದೆ. ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಆನ್ ಇರಬೇಕು. ಬ್ಯಾಕಪ್ ತೆಗೆಯುವಾಗ ಸೇವ್‌ನ ಜೊತೆ ಅದೇ ಹೆಸರಿನ ಎನ್‌ವಿಎಸ್‌ಇ ಫೈಲೂ ಇದ್ದರೆ ಎರಡನ್ನೂ ಕಾಪಿ ಮಾಡಿ, ಒಂದೇ ಬಂದರೆ ಮಾಡ್‌ಗಳ ಲೆಕ್ಕ ತಪ್ಪುತ್ತದೆ. ನಾನು ಆಟೋಸೇವ್ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಅರ್ಧ ತಾಸಿಗೊಮ್ಮೆ ಎಸ್ಕೇಪ್ ಮೆನುವಿನಿಂದ ಹೊಸ ಸೇವ್ ಮಾಡುತ್ತೇನೆ.

ಈಗ ಕನ್ಸೋಲ್. ಎಸ್ಕೇಪ್ ಕೀಯ ಕೆಳಗಿನ ಕೀ ಒತ್ತಿದರೆ ತೆರೆಯುತ್ತದೆ. ತೆರೆಯದಿದ್ದರೆ ಕೀಬೋರ್ಡ್ ಕನ್ನಡದಲ್ಲಿಯೋ ಬೇರೆ ವಿನ್ಯಾಸದಲ್ಲಿಯೋ ಇದೆಯೇ ನೋಡಿ, ಅಮೆರಿಕನ್ ಇಂಗ್ಲಿಷಿಗೆ ಬದಲಿಸಿ. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಡಾಟ್ ಎಂದಲ್ಲಿ ಚುಕ್ಕೆ ಇಡಿ, ಚುಕ್ಕೆಯ ಆಚೀಚೆ ಜಾಗ ಬಿಡಬೇಡಿ. ಒಮ್ಮೆ ಕನ್ಸೋಲ್ ತೆರೆದರೆ ಆಟ ಮುಚ್ಚಿ ಮತ್ತೆ ತೆರೆಯುವ ತನಕ ಅಚೀವ್‌ಮೆಂಟ್ ಬರುವುದಿಲ್ಲ.

ಟಿಜಿಎಂ ಹೊಡೆದರೆ ಸಾವಿಲ್ಲ, ಗುಂಡು ಮುಗಿಯುವುದಿಲ್ಲ, ಹೊರೆಗೆ ಮಿತಿಯಿಲ್ಲ. ಟಿಸಿಎಲ್ ಹೊಡೆದರೆ ಗೋಡೆ, ಬಂಡೆ ದಾಟಬಹುದು. ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಾಗ ಇದೇ ಮದ್ದು: ಹೊಡೆಯಿರಿ, ಎರಡು ಹೆಜ್ಜೆ ನಡೆಯಿರಿ, ಮತ್ತೆ ಹೊಡೆಯಿರಿ. ಇವೆರಡೂ ಆಟ ಮುಚ್ಚಿದರೆ ಹೋಗುತ್ತವೆ, ಸೇವ್‌ಗೆ ಅಂಟುವುದಿಲ್ಲ. ಸೆಟ್‌ಜಿಎಸ್ ಎಂಬ ಕಮಾಂಡಿನಿಂದ ಬದಲಿಸಿದ ಆಟದ ಒಳ ಸೆಟ್ಟಿಂಗ್‌ಗಳೂ ಹಾಗೆಯೇ.

ಅಂಟುವವು ಬೇರೆ. 'ಪ್ಲೇಯರ್ ಡಾಟ್ ಆ್ಯಡ್‌ಐಟಮ್ 15169 10' ಎಂದರೆ ಗಾಯ ವಾಸಿಮಾಡುವ ಸ್ಟಿಮ್‌ಪ್ಯಾಕ್ ಹತ್ತು. ಅದೇ ಕಮಾಂಡಿನಲ್ಲಿ ನಂಬರಿನ ಜಾಗಕ್ಕೆ ಇಂಗ್ಲಿಷಿನ ಎಫ್ ಅಕ್ಷರ ಒಂದನ್ನೇ ಹಾಕಿ, ಮುಂದೆ 500 ಬರೆದರೆ ಐನೂರು ಕ್ಯಾಪ್ಸ್, ಅಂದರೆ ಆಟದ ಹಣ. ಐಡಿ ಎಂಟು ಅಂಕಿಯದು, ಮೊದಲಿಗೆ ಬರುವ ಸೊನ್ನೆಗಳನ್ನು ಬಿಡಬಹುದು. ಆದರೆ ಡಿಎಲ್‌ಸಿಯ ಅಥವಾ ಮಾಡ್‌ನ ವಸ್ತುವಾದರೆ ಮೊದಲ ಎರಡು ಅಂಕಿ ಆ ಫೈಲು ನಿಮ್ಮ ಲೋಡ್ ಆರ್ಡರಿನಲ್ಲಿ ಎಷ್ಟನೆಯದು ಎಂಬುದನ್ನು ಹೇಳುತ್ತವೆ. ಬೇರೊಬ್ಬರ ಪಟ್ಟಿಯಿಂದ ಕಾಪಿ ಮಾಡಿದ ಐಡಿ ನಿಮ್ಮಲ್ಲಿ ಬೇರೆಯದೇ ವಸ್ತು ಕೊಡುವುದು ಇದರಿಂದಲೇ.

ಟೈಮ್‌ಸ್ಕೇಲೂ ಸೇವ್‌ನಲ್ಲಿ ಉಳಿಯುತ್ತದೆ. ಮೂಲದಲ್ಲಿ ಅದು 30, ಅಂದರೆ ನಮ್ಮ ಒಂದು ನಿಮಿಷ ಆಟದ ಅರ್ಧ ತಾಸು. ಸಾಮಾನ್ಯ ಪೆಟ್ಟಿಗೆಗಳು ಆಟದ 72 ತಾಸಿಗೆ ಹೊಸದಾಗಿ ತುಂಬಿಕೊಳ್ಳುತ್ತವೆ, ಅಂದರೆ ನಮ್ಮ ಲೆಕ್ಕದಲ್ಲಿ 2 ತಾಸು 24 ನಿಮಿಷ. ಅಷ್ಟರಲ್ಲಿ ನೀವು ಇಟ್ಟದ್ದು ಮಾಯ. ಬೆಲೆಬಾಳುವುದನ್ನು ನೋವಾಕ್ ಮೋಟೆಲ್‌ನ ನಿಮ್ಮ ಕೋಣೆಯಲ್ಲಿ ಇಡಿ. 100 ಕ್ಯಾಪ್ಸ್ ಕೊಟ್ಟರೆ ಬೀಗದ ಕೈ ಸಿಗುತ್ತದೆ, ಅಲ್ಲಿಯ ಪೆಟ್ಟಿಗೆಗಳು ಬದಲಾಗುವುದಿಲ್ಲ.

ಡೆಡ್ ಮನಿ ಡಿಎಲ್‌ಸಿಯ ಚಿನ್ನದ ಉದಾಹರಣೆಯಲ್ಲಿ ಸೇವ್‌ಗೆ ಅಂಟುವ, ಅಂಟದ ಕಮಾಂಡುಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸಿಯೆರಾ ಮಾಡ್ರೆಯ ತಿಜೋರಿಯಲ್ಲಿ 37 ಗಟ್ಟಿಗಳಿವೆ. ಒಂದರ ತೂಕ 35, ಬೆಲೆ 10,539 ಕ್ಯಾಪ್ಸ್. ಒಟ್ಟು ತೂಕ 1,295. ಪೌಂಡ್ ಎಂದು ಹಿಡಿದರೆ ಸುಮಾರು 587 ಕೆಜಿ, ನಮ್ಮ ಕಡೆಯ 50 ಕೆಜಿ ತೊಗರಿ ಚೀಲ ಹನ್ನೆರಡಕ್ಕೆ ಸ್ವಲ್ಪ ಕಮ್ಮಿ. ಹೊರುವ ಶಕ್ತಿ 150, ಅದರ ಮೇಲೆ ಸ್ಟ್ರೆಂತ್‌ನ ಪ್ರತಿ ಅಂಕಕ್ಕೆ 10. ಸ್ಟ್ರೆಂತ್ 10 ಇದ್ದರೂ 250 ಮಾತ್ರ, ಏಳು ಗಟ್ಟಿ. ಹುಡುಗರು ಟಿಜಿಎಂ ಹೊಡೆದು ಎಲ್ಲ ಎತ್ತಿಕೊಂಡು ಹೊರಬರುತ್ತಾರೆ, ಸೇವ್ ಮಾಡಿ ಮಲಗುತ್ತಾರೆ. ಮರುದಿನ ಆಟ ತೆರೆದರೆ ಟಿಜಿಎಂ ಇಲ್ಲ, ಚಿನ್ನ ಮಾತ್ರ ಇದೆ. ಓಡಲಾಗದು, ಫಾಸ್ಟ್ ಟ್ರಾವೆಲ್ ಆಗದು, ಮೊಹಾವಿ ಮರುಭೂಮಿಯ ನಡುವೆ ಆಮೆಯ ನಡಿಗೆ.

ಬದಲಿಗೆ 'ಪ್ಲೇಯರ್ ಡಾಟ್ ಮಾಡ್‌ಎವಿ ಕ್ಯಾರಿವೇಟ್ 1300' ಹೊಡೆಯಿರಿ. ಇದು ಸೇವ್‌ನಲ್ಲಿ ಉಳಿಯುತ್ತದೆ. ನೋವಾಕ್ ಕೋಣೆಗೆ ಹೋಗಿ ಚಿನ್ನ ಇಳಿಸಿ, ಅದೇ ಕಮಾಂಡನ್ನು ಮೈನಸ್ 1300 ಹಾಕಿ ಇನ್ನೊಮ್ಮೆ ಹೊಡೆಯಿರಿ. ಅಂಕಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೂಡಿದ್ದನ್ನು ಅಷ್ಟೇ ಕಳೆಯಬೇಕು. ಫೋರ್ಸ್‌ಎವಿ ಎಂಬ ಕಮಾಂಡನ್ನು ಮುಟ್ಟಲೇಬೇಡಿ, ಇಂಪ್ಲಾಂಟ್ ಮತ್ತು ಪರ್ಕ್‌ಗಳು ಕೂಡಿಸುವ ಲೆಕ್ಕವನ್ನು ಅದು ಕಲಸಿಬಿಡುತ್ತದೆ. ಚೀಟ್ ಇಲ್ಲದೆಯೂ ದಾರಿ ಇದೆ. ಮೈ ಕಾಣದಂತೆ ಮಾಡುವ ಸ್ಟೆಲ್ತ್ ಬಾಯ್ ಹಾಕಿಕೊಂಡು, ಈ ಡಿಎಲ್‌ಸಿಯ ಖಳ ಇಲೈಜಾ ಕೆಳಗೆ ಬರುವಾಗ ಮರೆಯಾಗಿ ಹೊರಗೆ ನುಸುಳಿ ಅವನನ್ನು ತಿಜೋರಿಯಲ್ಲೇ ಬಿಡಬಹುದು. ನನಗೆ ಅದೇ ಹೆಚ್ಚು ಇಷ್ಟ, ಕಥೆಯ ಮುಕ್ತಾಯಕ್ಕೂ ಅದು ಒಪ್ಪುತ್ತದೆ.

ನಿಂತುಹೋದ ಕ್ವೆಸ್ಟಿಗೆ ಬರೋಣ. ಸಂಗಾತಿ ಕಾಣೆಯಾಗಿದ್ದರೆ ಅವರ ರೆಫರೆನ್ಸ್ ಐಡಿ ಜೊತೆ ಪಿಆರ್‌ಐಡಿ ಹೊಡೆದು, ಆಮೇಲೆ 'ಮೂವ್‌ಟು ಪ್ಲೇಯರ್' ಎಂದರೆ ಸಾಕು, ಕಾಲಬಳಿ ಬಂದು ನಿಲ್ಲುತ್ತಾರೆ. ಬೇಸ್ ಐಡಿ ಬೇರೆ, ರೆಫರೆನ್ಸ್ ಐಡಿ ಬೇರೆ: ಮೊದಲನೆಯದು ಪಾತ್ರದ ಅಚ್ಚಿನದು, ಎರಡನೆಯದು ಆಟದಲ್ಲಿ ಓಡಾಡುವ ಆ ಒಬ್ಬರದು. ಬೇಸ್ ಐಡಿ ಕೊಟ್ಟು ಪ್ಲೇಸ್‌ಅಟ್‌ಮಿ ಹೊಡೆದರೆ ಬರುವುದು ಅದೇ ಮುಖದ ಇನ್ನೊಬ್ಬ, ಕ್ವೆಸ್ಟಿಗೆ ಅವನ ಪರಿಚಯವಿಲ್ಲ.

ಎಸ್‌ಕ್ಯೂಟಿ ಹೊಡೆದರೆ ನಡೆಯುತ್ತಿರುವ ಕ್ವೆಸ್ಟ್‌ಗಳ ಗುರಿಗಳು ಕಾಣುತ್ತವೆ. ಕ್ವೆಸ್ಟಿನ ಹೆಸರು ಸಿಕ್ಕ ಮೇಲೆ ಗೆಟ್‌ಸ್ಟೇಜ್‌ನಿಂದ ಎಷ್ಟನೇ ಹಂತದಲ್ಲಿದೆ ಎಂದು ತಿಳಿಯಿರಿ, ಸೆಟ್‌ಸ್ಟೇಜ್‌ನಿಂದ ಮುಂದಿನ ಹಂತಕ್ಕೆ ಮಾತ್ರ ತಳ್ಳಿ. ಮುಂದಿನದಕ್ಕೆ ಮಾತ್ರ ಎಂದು ಒತ್ತಿ ಹೇಳಲು ಕಾರಣವಿದೆ. ಪ್ರತಿ ಹಂತಕ್ಕೂ ತನ್ನದೇ ಸ್ಕ್ರಿಪ್ಟ್ ಇರುತ್ತದೆ. 20ನೇ ಹಂತ ಬಾಗಿಲ ಬೀಗ ತೆಗೆಯುತ್ತದೆ, 30ನೆಯದು ಒಬ್ಬ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತದೆ ಎಂದು ಇಟ್ಟುಕೊಳ್ಳಿ. 10ರಿಂದ ನೇರ 50ಕ್ಕೆ ಹಾರಿದರೆ ನಡುವಿನ ಯಾವುದೂ ಓಡುವುದಿಲ್ಲ. ಜರ್ನಲ್‌ನಲ್ಲಿ ಕೆಲಸ ಮುಗಿದಂತೆ ಕಾಣುತ್ತದೆ, ಬಾಗಿಲು ಮಾತ್ರ ಬೀಗದಲ್ಲೇ ಇರುತ್ತದೆ. ಸಿಎಕ್ಯೂಎಸ್ ಎಂಬ ಕಮಾಂಡ್ ಎಲ್ಲ ಕ್ವೆಸ್ಟ್‌ಗಳ ಎಲ್ಲ ಹಂತಗಳನ್ನೂ ಒಟ್ಟಿಗೆ ಮುಗಿಸುತ್ತದೆ. ಅದಾದ ಮೇಲೆ ಆ ಸೇವ್ ಉಳಿಯಿತೆಂದು ತಿಳಿಯಬೇಡಿ. ಮುಖ್ಯ ಕಥೆಯೇ ಮುಚ್ಚಿಹೋಯಿತು ಅನ್ನಿಸಿದರೆ ಕನ್ಸೋಲ್ ಮುಟ್ಟುವ ಮೊದಲು ಯೆಸ್ ಮ್ಯಾನ್ ಎಂಬ ರೋಬೋಟನ್ನು ಹುಡುಕಿ. ಎಷ್ಟು ಸಲ ಕೊಂದರೂ ಅವನು ಬೇರೆ ರೋಬೋಟಿನೊಳಗೆ ಮರಳುತ್ತಾನೆ, ಆಟಗಾರ ಎಲ್ಲರನ್ನೂ ಎದುರು ಹಾಕಿಕೊಂಡರೂ ಹೂವರ್ ಅಣೆಕಟ್ಟಿನ ತನಕ ಒಂದು ದಾರಿ ಇರಲಿ ಎಂದೇ ಅವನನ್ನು ಇಟ್ಟಿದ್ದಾರೆ. ಅಣೆಕಟ್ಟಿನ ಯುದ್ಧದ ನಂತರ ಆಟ ಮುಂದುವರಿಯುವುದಿಲ್ಲ, ಅದಕ್ಕೆ ಮುಂಚಿನ ಸೇವ್ ಒಂದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.

ಸಿನಿಮಾ ಮುಂತಾದವುಗಳ ಬಚ್ಚಿಟ್ಟ ಉಲ್ಲೇಖಗಳು ಬೇಕಿದ್ದರೆ ಆಟದ ಆರಂಭದಲ್ಲೇ ವೈಲ್ಡ್ ವೇಸ್ಟ್‌ಲ್ಯಾಂಡ್ ಎಂಬ ಟ್ರೇಟ್, ಅಂದರೆ ಪಾತ್ರದ ಗುಣ, ಆರಿಸಬೇಕು. ಎರಡೇ ಟ್ರೇಟ್‌ಗಳಿಗೆ ಜಾಗ, ಇದು ಒಂದನ್ನು ತಿನ್ನುತ್ತದೆ, ಬಲವೇನೂ ಕೊಡುವುದಿಲ್ಲ. ಆದರೂ ಎರಡನೇ ಸಲ ಆಡುವವರಿಗೆ ಇದನ್ನೇ ಹೇಳುತ್ತೇನೆ. ಅಂಥ ಜಾಗಕ್ಕೆ ಬಂದಾಗ ಒಂದು ವಿಚಿತ್ರ ಸದ್ದು ಕೇಳುತ್ತದೆ, ಮೂಲೆಯಲ್ಲಿ ಸೂಚನೆ ಬರುತ್ತದೆ. ಆಗ ನಿಂತು ಸುತ್ತ ನೋಡಿ.

ನಿಪ್ಟನ್‌ನಲ್ಲಿ ಸುಟ್ಟ ಮನೆಯ ಮುಂದೆ ಎರಡು ಕರಕಲು ಅಸ್ಥಿಪಂಜರ, ಹೆಸರು ಓವೆನ್ ಮತ್ತು ಬೆರು. 1977ರ ಸ್ಟಾರ್ ವಾರ್ಸ್‌ನಲ್ಲಿ ಲ್ಯೂಕ್‌ನ ಚಿಕ್ಕಪ್ಪ, ಚಿಕ್ಕಮ್ಮ ಹೀಗೇ ಬಿದ್ದಿದ್ದರು. ಮರುಭೂಮಿಯಲ್ಲಿ ಒಂಟಿ ಫ್ರಿಜ್ ಸಿಕ್ಕರೆ ತೆರೆಯಿರಿ, ಒಳಗೆ ಅಸ್ಥಿಪಂಜರವೂ ಟೋಪಿಯೂ ಇವೆ. 2008ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ನಾಯಕ ಅಣುಸ್ಫೋಟದಿಂದ ಫ್ರಿಜ್‌ನೊಳಗೆ ಕೂತು ಪಾರಾಗುತ್ತಾನೆ, ಇಲ್ಲಿ ಪಾರಾಗಿಲ್ಲ. ಕ್ಯಾಂಪ್ ಸರ್ಚ್‌ಲೈಟ್‌ನ ಚರ್ಚಿನ ನೆಲಮಾಳಿಗೆಯಲ್ಲಿ ಹೋಲಿ ಫ್ರ್ಯಾಗ್ ಗ್ರೆನೇಡ್ ಸಿಗುತ್ತವೆ, ಇಡೀ ಆಟದಲ್ಲಿ ಮೂರೇ. ಊರ ತುಂಬ ವಿಕಿರಣ, ರ‍್ಯಾಡ್-ಎಕ್ಸ್ ನುಂಗಿ ಹೋಗಿ. ದೂರದಿಂದಲೇ ಎಸೆಯಿರಿ, ಸ್ಫೋಟದ ಸುತ್ತಳತೆ ದೊಡ್ಡದು, ಎಸೆದವನೂ ಸಾಯುತ್ತಾನೆ.

ಎಲ್ಲಕ್ಕಿಂತ ಮೇಲಿನದು ಹೊರೊವಿಟ್ಜ್ ಫಾರ್ಮ್‌ಸ್ಟೆಡ್ ಹತ್ತಿರದ್ದು. ಟ್ರೇಟ್ ಇದ್ದರೆ ಅಲ್ಲಿ ಮೂವರು ಅನ್ಯಗ್ರಹದವರು ಇರುತ್ತಾರೆ, ನಾಯಕನ ಕೈಯಲ್ಲಿ ಏಲಿಯನ್ ಬ್ಲಾಸ್ಟರ್. ಟ್ರೇಟ್ ಇಲ್ಲದಿದ್ದರೆ ಅದೇ ಜಾಗದಲ್ಲಿ ಬಾಡಿಗೆ ಸೈನಿಕರು, ಅವರ ಬಳಿ ವೈಸಿಎಸ್ 186 ಎಂಬ ಗಾಸ್ ರೈಫಲ್. ಒಂದು ಸಿಕ್ಕರೆ ಇನ್ನೊಂದು ಸಿಗದು. ಬ್ಲಾಸ್ಟರಿನ ಸೆಲ್‌ಗಳನ್ನು ಅಂಗಡಿಯಲ್ಲಿ ಮಾರುವುದಿಲ್ಲ, ಆದ್ದರಿಂದ ಪೂರ್ತಿ ಆಟಕ್ಕೆ ಆಯುಧ ಬೇಕೆನ್ನುವವರು ರೈಫಲನ್ನೇ ಆರಿಸಿಕೊಳ್ಳಿ. ಮೊದಲು ಟ್ರೇಟ್ ಆರಿಸದೆ ಬಂದವರಿಗೆ ಎರಡು ಕಡೆ ಅವಕಾಶವಿದೆ: ಗುಡ್‌ಸ್ಪ್ರಿಂಗ್ಸ್ ಗಡಿ ದಾಟುವಾಗ ಪಾತ್ರ ತಿದ್ದಲು ಆಟವೇ ಕೇಳುತ್ತದೆ, ಓಲ್ಡ್ ವರ್ಲ್ಡ್ ಬ್ಲೂಸ್ ಡಿಎಲ್‌ಸಿಯ ಸಿಂಕ್ ಕೋಣೆಯಲ್ಲಿರುವ ಆಟೋ-ಡಾಕ್ ಒಂದು ಸಲ ಬದಲಿಸಿಕೊಡುತ್ತದೆ. ಆಟೋ-ಡಾಕ್ ಹತ್ತಿರ ಹೋಗುವ ಮೊದಲು ಹೊಸ ಸೇವ್ ಮಾಡಿ.