ದುಡ್ಡು ಬಂತು ಸರಿ, ಯಾರ ಖಾತೆಯಿಂದ ಬಂತು? – ಹಳೇ ಫೋನ್ ಮಾರಾಟದಲ್ಲಿ ನನ್ನ ಅನುಭವ

ಹಳೇ ಫೋನನ್ನು ಆನ್‌ಲೈನಿನಲ್ಲಿ ಹಾಕಿ ನೇರವಾಗಿ ಮಾರುತ್ತೇನೆ ಅಂದಾಗ ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಹೇಳಿದ್ದು ಒಂದೇ: ಟೋಪಿ ಬೀಳುತ್ತೆ, ಎಕ್ಸ್‌ಚೇಂಜ್‌ಗೆ ಕೊಟ್ಟು ಕೈ ತೊಳೆದುಕೋ. ಮೂರೂವರೆ ವರ್ಷದಲ್ಲಿ ಬೆಂಗಳೂರಿನಲ್ಲೇ ಹೆಚ್ಚುಕಮ್ಮಿ ನಲವತ್ತು ಫೋನ್ ಮಾರಿದ್ದೇನೆ. ಮೊದಲ ಹನ್ನೆರಡರಲ್ಲಿ ಇಪ್ಪತ್ಮೂರು ಸಾವಿರದಷ್ಟು ಹೋಯಿತು, ಇನ್ನೊಂದು 8,500 ನಾಲ್ಕು ತಿಂಗಳು ಸಿಕ್ಕಿಹಾಕಿಕೊಂಡಿತ್ತು. ಆಮೇಲಿನ ಇಪ್ಪತ್ತೆಂಟರಲ್ಲಿ ಒಂದು ಪೈಸೆಯೂ ಹೋಗಿಲ್ಲ. ಎಕ್ಸ್‌ಚೇಂಜ್‌ನಲ್ಲಿ 6,500 ಹೇಳಿದ್ದ ಸ್ಯಾಮ್‌ಸಂಗ್ 5ಜಿ ಸೆಟ್ಟು ನನ್ನ ಕೈಯಲ್ಲಿ 10,200ಕ್ಕೆ ಹೋಯಿತು, 19,000 ಹೇಳಿದ್ದ ಐಫೋನ್ 23,500ಕ್ಕೆ. ಫೋನಿಗೆ ಸರಾಸರಿ ಮೂರು ಸಾವಿರದ ಮೇಲೆ ಉಳಿದಿದೆ. ಟೋಪಿ ಬೀಳುತ್ತೆ ಅಂದವರೇ ಈಗ ತಮ್ಮ ಫೋನ್ ತಂದು ಕೊಡುತ್ತಾರೆ.

ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಅನ್ನುವವರು, ಸೈನಿಕರ ಐಡಿ ಕಾರ್ಡಿನ ಫೋಟೊ ಹಾಕಿ ಚೌಕಾಸಿಯನ್ನೇ ಮಾಡದೆ ಒಪ್ಪಿಕೊಳ್ಳುವವರು, ಲೋನ್ ಬಾಕಿ ಇದೆಯಾ ನೋಡೋಣ ಅಂತ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸುವವರು – ಇವರ ವಿಚಾರ ನಿಮಗೆಲ್ಲ ಗೊತ್ತಿರುವುದೇ. ದುಡ್ಡು ಪಡೆಯಲು ಪಿನ್ ಒತ್ತುವ ಕೆಲಸವೇ ಇಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ನಾನು ಹೇಳಹೊರಟಿರುವುದು ಬೇರೆ ಮೂರು ದಾರಿಗಳ ಬಗ್ಗೆ.

ಮೊದಲನೆಯದು ಮೂರು ಮೂಲೆಯ ಆಟ. ನಿಮ್ಮ ಜಾಹೀರಾತಿನ ಫೋಟೊಗಳನ್ನೇ ಕದ್ದು ಮೋಸಗಾರ ತನ್ನದೊಂದು ಜಾಹೀರಾತು ಹಾಕುತ್ತಾನೆ. ನೀವು 14,000 ಹೇಳಿದ್ದರೆ ಅವನು 9,000. ಕಡಿಮೆ ಬೆಲೆಗೆ ಒಬ್ಬ ಅಸಲಿ ಗಿರಾಕಿ ಬೀಳುತ್ತಾನೆ. ಇತ್ತ ಮೋಸಗಾರ ನಿಮಗೆ ಫೋನ್ ಮಾಡಿ, ‘14,000ಕ್ಕೆ ಓಕೆ, ನಾನು ಊರಲ್ಲಿಲ್ಲ, ನನ್ನ ತಮ್ಮ ಬರ್ತಾನೆ, ಅವನ ಹತ್ರ ರೇಟ್ ಮಾತಾಡ್ಬೇಡಿ, ಅವನಿಗೆ ಗಿಫ್ಟು’ ಅನ್ನುತ್ತಾನೆ. ಅತ್ತ ಗಿರಾಕಿಗೆ, ‘ಫೋನ್ ನಮ್ಮಣ್ಣನ ಹತ್ರ ಇದೆ, ನೋಡ್ಕೊಳ್ಳಿ, ದುಡ್ಡು ನನಗೆ ಹಾಕಿ’. ಇಬ್ಬರೂ ಎದುರುಬದುರು ನಿಂತಿರುತ್ತೀರಿ. ಗಿರಾಕಿ ಅವನಿಗೆ 9,000 ಹಾಕುತ್ತಾನೆ, ನಿಮಗೆ ಅವನಿಂದ 14,000 ಜಮಾ ಆದ ನಕಲಿ ಸ್ಕ್ರೀನ್‌ಶಾಟ್ ಬರುತ್ತದೆ. ನಾನು ಸ್ಕ್ರೀನ್‌ಶಾಟ್ ನಂಬಿ ಕೊಟ್ಟೆ, 14,000 ಹೋಯಿತು. ನಂಬದೆ ಕೊಡದಿದ್ದರೂ ಜಗಳ ತಪ್ಪದು, ದುಡ್ಡು ಹಾಕಿದವನು ನಿಮ್ಮ ಮೇಲೇ ದೂರು ಕೊಡುತ್ತಾನೆ.

ಇದಕ್ಕೆ ಮದ್ದು ಒಂದೇ ಪ್ರಶ್ನೆ. ಬಂದವರು ಯಾರೇ ಆಗಲಿ, ಫೋನ್ ಚೀಲದಿಂದ ಹೊರಗೆ ತೆಗೆಯುವ ಮೊದಲು ಕೇಳುತ್ತೇನೆ: ‘ಸಾರ್, ಎಷ್ಟಕ್ಕೆ ಮಾತಾಗಿದೆ? ಯಾರ ಹತ್ರ ಮಾತಾಡಿದ್ರಿ?’ ಅವರ ಬಾಯಿಂದ ಬಂದ ಬೆಲೆ ನನ್ನದಕ್ಕೆ ಹೊಂದದಿದ್ದರೆ ಅಲ್ಲೇ ಇಬ್ಬರೂ ಚಾಟ್ ತೆರೆದು ನೋಡಿಕೊಳ್ಳುತ್ತೇವೆ. ಈ ಪ್ರಶ್ನೆ ಇಲ್ಲಿಯವರೆಗೆ ನಾಲ್ಕು ಜನರ ದುಡ್ಡು ಉಳಿಸಿದೆ, ಅದರಲ್ಲಿ ಇಬ್ಬರು ಆಮೇಲೆ ನನ್ನಿಂದಲೇ ಫೋನ್ ಕೊಂಡರು. ರೇಟ್ ಮಾತಾಡಬೇಡಿ ಅಂದವನ ಜೊತೆ ವ್ಯವಹಾರ ಅಲ್ಲಿಗೇ ಬಂದ್.

ಎರಡನೆಯದು ನಿಜವಾಗಿಯೂ ಜಮಾ ಆದ ದುಡ್ಡು. ಇದನ್ನು ಬಹಳ ಜನ ನಂಬುವುದೇ ಇಲ್ಲ. ಗಿರಾಕಿ ಎದುರಿಗೇ ಯುಪಿಐ ಮಾಡುತ್ತಾನೆ, ನಿಮ್ಮ ಬ್ಯಾಂಕ್ ಆ್ಯಪಿನಲ್ಲೇ ದುಡ್ಡು ಕಾಣುತ್ತದೆ, ಖುಷಿಯಿಂದ ಫೋನ್ ಕೊಡುತ್ತೀರಿ. ಆದರೆ ಆ ದುಡ್ಡು ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತಂದದ್ದು. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ, ಸೈಬರ್ ಪೊಲೀಸರು ಖಾತೆಯಿಂದ ಖಾತೆಗೆ ಜಾಡು ಹಿಡಿದು ಬರುತ್ತಾರೆ, ನಿಮ್ಮ ಖಾತೆಯಲ್ಲಿ ಅಷ್ಟು ಮೊತ್ತಕ್ಕೆ ಲೀನ್, ಅಂದರೆ ಆ ದುಡ್ಡು ತೆಗೆಯದಂತೆ ತಡೆ, ಬೀಳುತ್ತದೆ. ಕೆಲವೊಮ್ಮೆ ಪೂರ್ತಿ ಖಾತೆಯೇ ಫ್ರೀಜ್. ನನ್ನ 8,500 ಹೀಗೆ ಸಿಕ್ಕಿಕೊಂಡದ್ದು. ಬ್ಯಾಂಕಿನವರು ದೂರಿನ ಸಂಖ್ಯೆ ಮತ್ತು ಪೊಲೀಸ್ ಠಾಣೆಯ ಇಮೇಲ್ ಕೊಡುತ್ತಾರೆ, ಅದಕ್ಕಿಂತ ಹೆಚ್ಚಿನದು ಅವರ ಕೈಯಲ್ಲಿಲ್ಲ. ಫೋನಿನ ಬಿಲ್, ಗಿರಾಕಿ ಜೊತೆಗಿನ ಚಾಟ್, ಮಾರಾಟದ ಚೀಟಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಖಾತೆಯ ಸ್ಟೇಟ್‌ಮೆಂಟ್ – ಐದನ್ನೂ ಒಂದೇ ಪಿಡಿಎಫ್ ಮಾಡಿ ತನಿಖಾಧಿಕಾರಿಗೆ ಕಳಿಸಿದೆ. ಮೂರು ಸಲ ಕಳಿಸಿದ ಮೇಲೆ ಬಿಡುಗಡೆಯಾಯಿತು. ಚೀಟಿ ಇಲ್ಲದಿದ್ದರೆ ಆ ದುಡ್ಡು ಬರುತ್ತಿರಲಿಲ್ಲ.

ಆವತ್ತಿನಿಂದ ಎರಡು ಬದಲಾವಣೆ. ಮಾರಾಟಕ್ಕೆಂದೇ ಬೇರೆ ಉಳಿತಾಯ ಖಾತೆ, ಅದರಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ಇಡುವುದಿಲ್ಲ. ಸಂಬಳದ ಖಾತೆಯ ಯುಪಿಐ ಐಡಿ ಯಾವ ಗಿರಾಕಿಗೂ ಕೊಡುವುದಿಲ್ಲ, ಅದು ಫ್ರೀಜ್ ಆದರೆ ಮನೆಯ ಇಎಂಐ ನಿಂತುಹೋಗುತ್ತದೆ. ಎರಡನೆಯದು, ದುಡ್ಡು ಕಳಿಸಿದ ಖಾತೆಯ ಹೆಸರು ಮತ್ತು ಎದುರಿಗೆ ನಿಂತವರ ಐಡಿಯ ಹೆಸರು ಒಂದೇ ಆಗಿರಬೇಕು. ‘ಫ್ರೆಂಡ್ ಹಾಕ್ತಾನೆ’, ‘ಭಾವನ ನಂಬರಿಂದ ಬರುತ್ತೆ’ ಅಂದರೆ ಬೇಡ, ಎಟಿಎಂ ಇಲ್ಲೇ ಇದೆ, ಕ್ಯಾಷ್ ಕೊಡಿ ಅನ್ನುತ್ತೇನೆ. ಐನೂರರ ನೋಟು ಎಣಿಸಿಕೊಳ್ಳುವುದು ಎಷ್ಟೋ ವಾಸಿ. ಈ ನಿಯಮದಿಂದ ಆರೇಳು ವ್ಯವಹಾರ ಮುರಿದಿವೆ, ಒಂದಕ್ಕೂ ಬೇಸರವಿಲ್ಲ.

ಸ್ಕ್ರೀನ್‌ಶಾಟ್, ಹಸಿರು ಟಿಕ್, ‘ಟಿಂಗ್’ ಸದ್ದು ಎಲ್ಲವನ್ನೂ ನಕಲಿ ಆ್ಯಪ್‌ಗಳು ಮಾಡುತ್ತವೆ. ನನ್ನ ಇನ್ನೊಂದು 9,000 ಹೋದದ್ದು ಹಾಗೆ. ಹತ್ತಂಕಿ ಮೊಬೈಲ್ ನಂಬರಿನಿಂದ ಬಂದ ‘ಕ್ರೆಡಿಟೆಡ್’ ಮೆಸೇಜು ಬ್ಯಾಂಕಿನದಲ್ಲ. ಮೆಸೇಜನ್ನೂ ನೋಡಬೇಡಿ, ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ, ಖಾತೆಯಲ್ಲಿ ಮೊದಲೇ ಕಡಿಮೆ ಇದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನೆಫ್ಟ್ ಬೇಡ, ಅದು ಅರ್ಧ ಗಂಟೆಯ ಬ್ಯಾಚುಗಳಲ್ಲಿ ಹೋಗುವುದು. ಯುಪಿಐ ಅಥವಾ ಐಎಂಪಿಎಸ್ ಮಾತ್ರ. ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಂಡವರಿಗೆ ಸಾಮಾನ್ಯವಾಗಿ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ, ಹಾಗಾಗಿ ‘ಲಿಮಿಟ್ ಬರ್ತಿದೆ’ ಅನ್ನುವವರೆಲ್ಲ ಕಳ್ಳರಲ್ಲ. ನಾಳೆ ಬನ್ನಿ ಅಂತ ಹೇಳಿ ಕಳಿಸಿ, ‘5,000 ಈಗ, ಉಳಿದದ್ದು ಆಮೇಲೆ’ಗೆ ಮಾತ್ರ ಒಪ್ಪಬೇಡಿ.

ಮೂರನೆಯದು ಫೋನೇ ಬದಲಾಗುವುದು, ಅಥವಾ ಕಿತ್ತುಕೊಂಡು ಓಡುವುದು. ಮೊದಲೆಲ್ಲ ಮನೆಯಲ್ಲೇ ರೀಸೆಟ್ ಮಾಡಿ, ಅಕೌಂಟ್ ತೆಗೆದು ಒಯ್ಯುತ್ತಿದ್ದೆ. ಅದು ತಪ್ಪು. ರೀಸೆಟ್ ಆದ ಫೋನ್ ಕೈತಪ್ಪಿದರೆ ಮಾರುಕಟ್ಟೆಯಲ್ಲಿ ಅದಕ್ಕೆ ಪೂರ್ತಿ ಬೆಲೆ. ಈಗ ಹೀಗೆ: ನನ್ನ ಡೇಟಾ ಎಲ್ಲ ಬ್ಯಾಕಪ್ ತೆಗೆದು, ಬ್ಯಾಂಕ್ ಆ್ಯಪ್‌ಗಳಿಂದ ಹೊರಬಂದು, ಇ-ಸಿಮ್ ಇದ್ದರೆ ಹೊಸ ಫೋನಿಗೆ ವರ್ಗಾಯಿಸಿ, ಸೆಟ್ಟಿಂಗ್ಸ್‌ನಲ್ಲಿ ಹಳೇ ಗೂಗಲ್ ಅಕೌಂಟ್ ತೆಗೆದು ರೀಸೆಟ್ ಮಾಡುತ್ತೇನೆ. ಆಮೇಲೆ ಮಾರಾಟಕ್ಕೆಂದೇ ಮಾಡಿಟ್ಟ ಖಾಲಿ ಗೂಗಲ್ ಅಕೌಂಟ್ ಒಂದನ್ನು ಅದರಲ್ಲಿ ಹಾಕಿ, ಆರಂಕಿ ಸ್ಕ್ರೀನ್ ಲಾಕ್ ಇಡುತ್ತೇನೆ. ಈಗ ಯಾರಾದರೂ ಕಿತ್ತುಕೊಂಡು ಬಟನ್ ಒತ್ತಿ ರೀಸೆಟ್ ಮಾಡಿದರೂ ಫೋನ್ ಆ ಅಕೌಂಟನ್ನೇ ಕೇಳುತ್ತದೆ. ಗಿರಾಕಿ ಕ್ಯಾಮೆರಾ, ಸ್ಪೀಕರ್, ಸಿಮ್, ಚಾರ್ಜಿಂಗ್ ಎಲ್ಲ ಆರಾಮಾಗಿ ನೋಡಬಹುದು, ನನ್ನದು ಅಂತ ಒಳಗೆ ಏನೂ ಇಲ್ಲ. ದುಡ್ಡು ಬಂದ ಮೇಲೆ ಅಕೌಂಟ್ ತೆಗೆದು ಸೆಟ್ಟಿಂಗ್ಸ್ ಒಳಗಿಂದಲೇ ರೀಸೆಟ್. ಐದಾರು ನಿಮಿಷ ಸಾಕು.

ಐಫೋನಿನಲ್ಲಿ ‘ಫೈಂಡ್ ಮೈ’ ಕೊನೆಯವರೆಗೂ ಆನ್ ಇರಲಿ, ನಿಮ್ಮ ಆ್ಯಪಲ್ ಅಕೌಂಟಿನ ಪಾಸ್‌ವರ್ಡ್ ಇಲ್ಲದೆ ಬೇರೆಯವರು ಫೋನ್ ಬಳಸದಂತೆ ತಡೆಯುವ ಆ ಆಕ್ಟಿವೇಶನ್ ಲಾಕೇ ಕಾವಲು. ಆದರೆ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಆನ್ ಇದ್ದರೆ ಮನೆಯಿಂದ ಆಚೆ ಆ್ಯಪಲ್ ಅಕೌಂಟಿನಿಂದ ಸೈನ್ ಔಟ್ ಆಗಲು ಒಂದು ಗಂಟೆ ಕಾಯಿಸುತ್ತದೆ. ಇದು ಗೊತ್ತಿಲ್ಲದೆ ಒಬ್ಬ ಗಿರಾಕಿ ನಲವತ್ತು ನಿಮಿಷ ನಿಂತು ಬೇಸತ್ತು ವಾಪಸ್ ಹೋದರು. ಮನೆ ಬಿಡುವ ಮೊದಲು ಅದೊಂದನ್ನು ಆಫ್ ಮಾಡಿ.

ಅದಲುಬದಲಿನ ವಿಚಾರ. ಇಬ್ಬರು ಬರುತ್ತಾರೆ, ಒಬ್ಬ ಚೌಕಾಸಿಗೆ, ಇನ್ನೊಬ್ಬ ‘ಚೆಕ್’ ಮಾಡಲು. ಅದೇ ಬಣ್ಣದ, ಅದೇ ಕವರಿನ ಸತ್ತ ಸೆಟ್ಟೊಂದು ಜೇಬಿನಲ್ಲಿರುತ್ತದೆ. ‘ಬೇಡ ಬಿಡಿ’ ಅಂತ ವಾಪಸ್ ಕೊಡುವುದು ಅದನ್ನು. ಅದಕ್ಕೇ ಕವರ್ ಇಲ್ಲದೆ ಒಯ್ಯುತ್ತೇನೆ, ಕೊಡುವ ಮೊದಲೂ ವಾಪಸ್ ಬಂದ ಮೇಲೂ *#06# ಒತ್ತಿ ಐಎಂಇಐಯ (ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ) ಕೊನೆಯ ನಾಲ್ಕಂಕಿ ನೋಡುತ್ತೇನೆ. ಜೊತೆಗೆ ಫೋನಿನ ಮೇಲೊಂದು ಗುರುತು ಹಾಕಿರುತ್ತೇನೆ, ಅದು ಏನು, ಎಲ್ಲಿ ಅನ್ನುವುದು ನನ್ನಲ್ಲೇ ಇರಲಿ.

ಜಾಗ ಅಂದರೆ ಮೆಟ್ರೊ ಸ್ಟೇಷನ್. ವಿಜಯನಗರ, ಬನಶಂಕರಿಯಂಥ ಮೇಲ್ಸೇತುವೆಯ ಸ್ಟೇಷನ್‌ಗಳಲ್ಲಿ ಟಿಕೆಟ್ ಕೌಂಟರ್ ಎದುರು ಕ್ಯಾಮೆರಾ ಇದೆ, ಸೆಕ್ಯುರಿಟಿ ಇದ್ದಾರೆ. ನೆಲದಡಿಯ ಸ್ಟೇಷನ್ ಬೇಡ, ನೆಟ್‌ವರ್ಕ್ ಕೈಕೊಟ್ಟು ಪೇಮೆಂಟ್ ‘ಪ್ರೊಸೆಸಿಂಗ್’ನಲ್ಲಿ ನಿಂತರೆ ಇಬ್ಬರಿಗೂ ತಲೆಬಿಸಿ. ಮನೆಗೆ ಯಾರನ್ನೂ ಕರೆಯುವುದಿಲ್ಲ.

ಚೀಟಿಗೆ ದೊಡ್ಡ ಭಾಷೆ ಬೇಡ. ಮಾಡೆಲ್, ಎರಡೂ ಸಿಮ್ಮಿನ ಐಎಂಇಐ, ಮೊತ್ತ, ತಾರೀಖು, ಗಂಟೆ, ಇಬ್ಬರ ಹೆಸರು, ಸಹಿ, ‘ಇವತ್ತಿನಿಂದ ಈ ಫೋನಿನ ಬಳಕೆ ನನ್ನ ಜವಾಬ್ದಾರಿ’ ಎಂಬ ಒಂದು ಸಾಲು. ಎರಡು ಪ್ರತಿ. ಡ್ರೈವಿಂಗ್ ಲೈಸೆನ್ಸ್ ಅಥವಾ ಮಾಸ್ಕ್ ಆದ (ಮೊದಲ ಅಂಕಿಗಳು ಮುಚ್ಚಿದ) ಆಧಾರ್‌ನ ಫೋಟೊ. ನಾಳೆ ಆ ಫೋನಿನಿಂದ ಏನಾದರೂ ಅಪರಾಧ ನಡೆದರೆ ಪೊಲೀಸರು ಐಎಂಇಐ ಹಿಡಿದು ಮೊದಲು ಬರುವುದು ಬಿಲ್ಲಿನಲ್ಲಿ ಹೆಸರಿರುವವರ ಮನೆಗೆ. ಗಿರಾಕಿಗೂ ಅನುಮಾನ ಇರುವುದು ಸಹಜ, ಅವರ ಎದುರಿಗೇ ‘ಕೆವೈಎಂ’ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐಯ ಹದಿನೈದಂಕಿ ಹಾಕಿ ಸರ್ಕಾರದ 14422 ನಂಬರಿಗೆ ಎಸ್‌ಎಂಎಸ್ ಮಾಡಿಸುತ್ತೇನೆ. ಫೋನ್ ಕಳ್ಳಮಾಲಲ್ಲ ಅಂತ ಗೊತ್ತಾದ ಮೇಲೆ ಚೌಕಾಸಿ ಅರ್ಧಕ್ಕರ್ಧ ಕಡಿಮೆ. ಜಾಹೀರಾತಿನಲ್ಲಿ ಮಾತ್ರ ಪೂರ್ತಿ ಐಎಂಇಐ ಹಾಕಬೇಡಿ, ಬಿಲ್ಲಿನ ವಿಳಾಸ, ನಂಬರ್ ಮುಚ್ಚಿ.

ನಡುವೆ ಕೆಲವು ಪ್ರಯೋಗ. ಮಾರುವ ಮೊದಲು 1,800 ಕೊಟ್ಟು ಬ್ಯಾಟರಿ ಬದಲಿಸಿ ನೋಡಿದೆ, ಬೆಲೆ 700–800 ಮಾತ್ರ ಏರಿತು, ನಷ್ಟ. ಹೊರಗಿನ ಕಾಂಬೊ (ಡಿಸ್‌ಪ್ಲೇ, ಟಚ್ ಸೇರಿದ ಸೆಟ್) ಹಾಕಿಸಿದ ಐಫೋನ್ ಇನ್ನೂ ಕಷ್ಟ, 11ರಿಂದ ಈಚಿನ ಮಾಡೆಲ್‌ಗಳು ಡಿಸ್‌ಪ್ಲೇ ಅಸಲಿ ಅಲ್ಲವೆಂದು ಸೆಟ್ಟಿಂಗ್ಸ್‌ನಲ್ಲೇ ಹೇಳಿಬಿಡುತ್ತವೆ. ಅದಕ್ಕಿಂತ ಚಾರ್ಜಿಂಗ್ ಪೋರ್ಟಿನ ಧೂಳನ್ನು ಹಲ್ಲುಕಡ್ಡಿಯಿಂದ ತೆಗೆದು, ನೂರೈವತ್ತರ ಟೆಂಪರ್ಡ್ ಗ್ಲಾಸ್ ಹಾಕಿದರೆ ಸುಲಭವಾಗಿ ಐನೂರು ಹೆಚ್ಚು ಸಿಗುತ್ತದೆ. ಡಬ್ಬ, ಬಿಲ್ ಇದ್ದರೆ ಇನ್ನೊಂದು ಸಾವಿರ. ತಿಂಗಳ ಮೊದಲ ವಾರ ಹಾಕಿದ ಫೋನ್ ಮೂರು ದಿನಕ್ಕೆ ಹೋಗುತ್ತದೆ, ಇಪ್ಪತ್ತನೇ ತಾರೀಖಿನ ಮೇಲೆ ಹಾಕಿದ್ದು ಹತ್ತು ದಿನ ಎಳೆಯುತ್ತದೆ. ಹುಬ್ಬಳ್ಳಿಗೆ, ಮಂಗಳೂರಿಗೆ ಒಂದೊಂದು ಸೆಟ್ಟು ಪೂರ್ತಿ ದುಡ್ಡು ಮೊದಲೇ ಪಡೆದು, ವಿಡಿಯೊ ಕಾಲ್‌ನಲ್ಲೇ ಪ್ಯಾಕ್ ಮಾಡಿ ಕಳಿಸಿದೆ. ಸರಿಯಾಗಿಯೇ ತಲುಪಿದವು. ಆದರೂ ಮುಖ ನೋಡದೆ, ಐಡಿ ಹಿಡಿದು ಹೆಸರು ತಾಳೆ ನೋಡದೆ ಮಾರಿದ್ದು ಮನಸ್ಸಿಗೆ ಒಪ್ಪಲಿಲ್ಲ, ನಿಲ್ಲಿಸಿದೆ.

ಮೊದಲ ಚಾಟಿನಲ್ಲೇ ಮೋಸಗಾರರನ್ನು ಜರಡಿ ಹಿಡಿಯಲು ನಾನು ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಎಲ್ಲರೂ ಓದುವ ಕಡೆ ಬರೆದರೆ ಅವರೂ ಉತ್ತರ ಕಲಿಯುತ್ತಾರೆ, ಅದಕ್ಕೇ ಬರೆಯುತ್ತಿಲ್ಲ.

ಫೋಟೊ ಕಳ್ಳತನಕ್ಕೆ ಮಾತ್ರ ಈ ಉಪಾಯ ಮಾಡಿ: ಪ್ರತಿ ಚಿತ್ರದಲ್ಲೂ ಫೋನಿನ ಕೆಳಗೆ ಬೆಲೆ ಮತ್ತು ತಾರೀಖನ್ನು ಕೈಯಲ್ಲಿ ಬರೆದ ಕಾಗದ ಇಡಿ, ಕಾಗದದ ಅಂಚು ಫೋನಿನ ಅಡಿ ಹೋಗಿರಲಿ, ಕತ್ತರಿಸಿ ತೆಗೆಯುವುದು ಸುಲಭವಲ್ಲ. 14,000 ಅಂತ ಚಿತ್ರದಲ್ಲೇ ಕಂಡರೆ 9,000ಕ್ಕೆ ಅದನ್ನು ತೋರಿಸುವುದು ಕಷ್ಟ. ಬೆಲೆ ಇಳಿಸಿದರೆ ಹೊಸ ಕಾಗದ, ಹೊಸ ಫೋಟೊ. ಮಾರಾಟ ಮುಗಿದ ಸಂಜೆಯೇ ಜಾಹೀರಾತು ಅಳಿಸಿ, ಗೂಗಲ್ ಅಥವಾ ಆ್ಯಪಲ್ ಅಕೌಂಟಿನ ಸಾಧನಗಳ ಪಟ್ಟಿಯಿಂದ ಆ ಫೋನನ್ನು ತೆಗೆದುಹಾಕಿ. ಚೀಟಿ, ಚಾಟ್, ಬಿಲ್ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ನನ್ನ 8,500ಕ್ಕೆ ಲೀನ್ ಬಿದ್ದದ್ದು ಮಾರಾಟವಾಗಿ ಹತ್ತಿರ ಹತ್ತಿರ ಎರಡು ತಿಂಗಳ ಮೇಲೆ.